ನಾಲ್ಕು ಬಲಗಾಲಿನ ಮೇಜು

ಅತ್ತೆಯ ತಟ್ಟೆ ಮತ್ತೆ ಅರ್ಧಕ್ಕೇ ವಾಪಸು ಬಂದ ದಿನ ನನಗೆ ಪಿತ್ತ ನೆತ್ತಿಗೇರಿತು. ಸೊಂಟದ ಮೂಳೆ ಮುರಿದು ಆಪರೇಷನ್ ಆದಮೇಲೆ ಅವರು ನೆಲದ ಮೇಲೆ ಕೂರುವಂತಿಲ್ಲ. ನಾನು, ಬಸ್ ಓಡಿಸುವ ನನ್ನ ಗಂಡ, ಕಾಲೇಜಿಗೆ ಹೋಗುವ ಮಗಳು, ಮೂವರೂ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಉಣ್ಣುತ್ತೇವೆ. ಅವರು ಮಾತ್ರ ತಮ್ಮ ಕೋಣೆಯಲ್ಲಿ, ಮಂಚದ ಮೇಲೆ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು. ಮೂರು ತಿಂಗಳಲ್ಲಿ ಆರು ಕಿಲೋ ಇಳಿದಿದ್ದರು. ಹೀಗೇ ಆದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ನೇರವಾಗಿಯೇ ಹೇಳಿದ್ದರು. ಯಾಕೆ ಉಣ್ಣಲ್ಲ ಎಂದು ಕೇಳಿದರೆ, "ತಟ್ಟೆ ಜಾರತ್ತೆ ಕಣೆ, ಸಾಕು" ಅನ್ನುವುದು, ಅಷ್ಟೆ.

ಸರಿ, ಜಾರದ ಹಾಗೆ ಒಂದು ಮೇಜು ಬೇಕು. ಟೇಪು ಹಿಡಿದು ಅಳೆದೆ. ಮಂಚಕ್ಕೂ ಬೀರುವಿಗೂ ನಡುವೆ ಒಂದೂಕಾಲು ಅಡಿ ಸಂದಿ. ಅಷ್ಟು ಕಿರಿದಾದ ಮೇಜು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಮಾವ ಕೂಡಿಹಾಕಿದ್ದ ಮರದ ರಾಶಿ ಇತ್ತು. ಮಾವ ಬಡಗಿ. ಯಾರ ಮನೆ ಕೆಡವಿದರೂ ಹೋಗಿ ತುಂಡುಗಳನ್ನು ಹೊತ್ತು ತರುತ್ತಿದ್ದರು. ಅವರು ಹೋಗಿ ಆರು ವರ್ಷವಾದರೂ ರಾಶಿ ಹಾಗೇ ಬಿದ್ದಿತ್ತು.

"ನಾನೇ ಮಾಡ್ತೀನಿ" ಅಂದೆ.

"ಅಂಗಿ ಹೊಲಿದಷ್ಟು ಸುಲಭ ಅಂದ್ಕೊಂಡ್ಯಾ?" ಅಂದರು ನನ್ನ ಗಂಡ.

"ಅಂಗಿ ಹೊಲಿಯೋದು ಸುಲಭ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಕೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಶೆಡ್ಡಿಗೆ ಇಳಿದೆ. ಮೂವತ್ತು ವರ್ಷ ಟೈಲರ್ ಆಗಿ ದುಡಿದವಳು ನಾನು. ಆ ಮಾತಾದ ಮೇಲೆ ಮೇಜು ಮಾಡದೆ ಹಿಂದೆ ಬರುವ ಪ್ರಶ್ನೆಯೇ ಇರಲಿಲ್ಲ.

ಅತ್ತೆ ವಾಕರ್ ಊರಿಕೊಂಡು ಬಂದು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡರು. ಜನ್ಮದಲ್ಲಿ ಉಳಿ ಹಿಡಿದವರಲ್ಲ, ಆದರೆ ನಲವತ್ತು ವರ್ಷ ಗಂಡನ ಕೆಲಸ ನೋಡಿದ್ದರು. ಬಾಯಿ ಮಾತ್ರ ಪಕ್ಕಾ ಮೇಸ್ತ್ರಿಯದು.

"ಮೊದ್ಲು ಮೊಳೆ ಕೀಳು. ಇಲ್ದಿದ್ರೆ ಗರಗಸದ ಹಲ್ಲು ಹೋಗತ್ತೆ."

"ಕಿತ್ತಾಯ್ತು ಅತ್ತೆ."

"ಇನ್ನೊಂದಿದೆ ನೋಡು, ಗಂಟಿನ ಪಕ್ಕ."

ಇತ್ತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಆರು ಅಡಿ ದೂರದಲ್ಲಿ ಕೂತ ಅವರಿಗೆ ಕಂಡಿತ್ತು.

ಹಳೆಯ ಬಾಗಿಲ ಚೌಕಟ್ಟೊಂದನ್ನು ಸೀಳಿ ನಾಲ್ಕು ಕಾಲು ಮಾಡಿದೆ. ಮೂರು ಇಂಚು ಅಗಲ, ಒಂದೂವರೆ ಇಂಚು ದಪ್ಪದ ಚಪ್ಪಟೆ ಕಾಲುಗಳು. ಸರಿಯಾಗಿ ನಾಲ್ಕಕ್ಕೆ ಸಾಲುವಷ್ಟೇ ಒಳ್ಳೆಯ ಮರ ಇತ್ತು, ಮಿಕ್ಕಿದ್ದೆಲ್ಲ ತೆಳು ಪಟ್ಟಿಗಳು, ಇಲ್ಲವೇ ಹುಳ ತಿಂದ ಹೊಟ್ಟು. ಅಡ್ಡಪಟ್ಟಿ ಸಿಕ್ಕಿಸಲು ಪ್ರತಿ ಕಾಲಿಗೂ ಎರಡು ಗುಳಿ ಕೊರೆಯಬೇಕು, ಒಂದು ಅಗಲದ ಮುಖಕ್ಕೆ, ಇನ್ನೊಂದು ಪಕ್ಕದ ಅಂಚಿಗೆ. ರಟ್ಟಿನಲ್ಲಿ ಮಾದರಿ ಕತ್ತರಿಸಿ, ನಾಲ್ಕರ ಮೇಲೂ ಇಟ್ಟು ಗುರುತು ಹಾಕಿ, ಕೊರೆಯಲು ಕೂತೆ. ಮೂರು ದಿನ ಕೊರೆದೆ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಮತ್ತೆ ಎದ್ದವು. ಉಳಿಗೆ ಹೊಡೆಯುವ ಕೊಡತಿಯ ಹಿಡಿಗೆ ಬಟ್ಟೆ ಸುತ್ತಿಕೊಂಡು ಮುಂದುವರಿಸಿದೆ. ಅತ್ತೆ ಆ ಮೂರು ದಿನ ಅಷ್ಟಾಗಿ ಬಾಯಿ ಹಾಕಲಿಲ್ಲ. ಕೆಲಸ ಮೆಚ್ಚಿಗೆಯಾಗಿರಬೇಕು ಎಂದು ಒಳಗೊಳಗೇ ಹಿಗ್ಗಿದೆ.

ನಾಲ್ಕನೇ ದಿನ ಕಾಲುಗಳನ್ನು ಎರಡೆರಡು ಜೋಡಿ ಮಾಡಿ ನಿಲ್ಲಿಸಿದಾಗ ತಪ್ಪು ಗೊತ್ತಾಯಿತು. ಎರಡು ಕಾಲಿಗೆ ಬಲ ಅಂಚಿನಲ್ಲಿ ಗುಳಿ ಇರಬೇಕು, ಎರಡಕ್ಕೆ ಎಡ ಅಂಚಿನಲ್ಲಿ. ನನ್ನವು ನಾಲ್ಕೂ ಬಲ. ಬಟ್ಟೆಯನ್ನು ಮಡಚಿ ಒಂದೇ ಸಲ ಗುರುತು ಹಾಕಿ ಕತ್ತರಿಸಿದರೆ ಬಲದ ತೋಳಿನ ಜೊತೆ ಎಡದ್ದೂ ತಾನಾಗಿ ಬರುತ್ತದೆ. ಮೂವತ್ತು ವರ್ಷದ ಕೈ ಅದು, ಮರವನ್ನು ಮಡಚಲಾಗುವುದಿಲ್ಲ ಎಂಬುದನ್ನು ಮರೆತಿತ್ತು. ಎಡ ಅಂಚಿಗೂ ಕೊರೆದರೆ ಕಾಲು ಟೊಳ್ಳು. ಹೊಸದಾಗಿ ಮಾಡೋಣ ಅಂದರೆ ಮರ ಇಲ್ಲ.

ಉಳಿ ಬಿಸಾಡಿ ಕೂತೆ. ಅಳು ಬಂದಿದ್ದು ನಿಜ, ಸುಳ್ಳೇಕೆ ಹೇಳಲಿ. ಆದರೆ ಸಂಜೆ ಗಂಡ ಬಂದು ನಗುವ ಮುಖ ನೆನೆದ ಕೂಡಲೇ ಅಳು ನಿಂತಿತು.

"ಇದರಲ್ಲೇ ಆಗ್ಬೇಕು ಅತ್ತೆ. ಹೇಗಾದ್ರೂ ಆಗ್ಬೇಕು."

"ಆಗತ್ತೆ" ಅಂದರು ಅವರು, ಕೇಳುವುದನ್ನೇ ಕಾಯುತ್ತಿದ್ದವರ ಹಾಗೆ. "ಎದುರುಬದುರು ಯಾಕೆ ನಿಲ್ಲಿಸ್ತೀಯ? ಒಂದೊಂದು ಕಾಲನ್ನೂ ಮೂಲೆಗೆ ಸರಿಯಾಗಿ ತಿರುಗಿಸ್ತಾ ಹೋಗು. ಒಂದರ ಮುಖದಿಂದ ಇನ್ನೊಂದರ ಅಂಚಿಗೆ ಪಟ್ಟಿ."

ತಿರುಗಿಸಿದೆ. ಒಂದರ ಗುಳಿಗೆ ಇನ್ನೊಂದರ ಗುಳಿ ಎದುರಾಗಿ ಸುತ್ತಲೂ ಕೂತವು, ನಾಲ್ಕೂ.

"ಉದ್ದದ ಮೇಜಾದ್ರೆ ಒಂದು ಕಡೆ ದಪ್ಪ ಕಾಲು, ಒಂದು ಕಡೆ ಸಣಕಲು, ಸೊಟ್ಟ ಕಾಣತ್ತೆ. ನಾಲ್ಕೂ ಕಡೆ ಸಮ ಮಾಡು. ಬೇಕಂತಲೇ ಹೀಗೆ ಮಾಡಿದ್ದು ಅಂದ್ಕೋತಾರೆ ಜನ. ಪಟ್ಟಿ ಎರಡೂವರೆ ಅಡಿ ಇರ್ಲಿ."

"ಎರಡೂವರೆ ಅಡಿ ಚೌಕ ನಿಮ್ಮ ಸಂದಿಯೊಳಗೆ ಹೋಗಲ್ಲವಲ್ಲ."

"ಸಂದಿಗೆ ಹೋಗೋ ಅಷ್ಟು ಮಾಡಿದ್ರೆ ಅದು ಮೇಜಲ್ಲ, ಸ್ಟೂಲು."

ಅದೂ ನಿಜವೇ. ಪಟ್ಟಿ ಕೊಯ್ದೆ, ಅಂಟು ಹಾಕಿ ಬಿಗಿದೆ, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಜೋಡಿಸಿ ಮೇಲ್ಭಾಗ ಮಾಡಿದೆ, ಮರಳುಕಾಗದದಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದೆ. ಭಾನುವಾರ ಗಂಡ ಅದನ್ನು ಎತ್ತಿ, ಅಲ್ಲಾಡಿಸಿ, ಮೇಲೆ ಕೈಯೂರಿ ಭಾರ ಬಿಟ್ಟು ನೋಡಿದರು. ಅಲುಗಲಿಲ್ಲ. ಹೊತ್ತು ತಂದು ನಡುಮನೆಯಲ್ಲಿಟ್ಟರು, ಬೇರೆ ಜಾಗವೇ ಇರಲಿಲ್ಲ. ಎರಡು ಕುರ್ಚಿ, ನನ್ನ ಹೊಲಿಗೆ ಮಷಿನ್ನಿನ ಸ್ಟೂಲು, ಒಂದು ಪೆಟ್ಟಿಗೆ ಸುತ್ತಲೂ ಬಂದವು. ಚಾಪೆ ಮೂಲೆ ಸೇರಿತು.

ಅಂದು ಅತ್ತೆ ಉಂಡರು. ಮೊಮ್ಮಗಳ ಕಾಲೇಜಿನ ಸುದ್ದಿ ಕೇಳುತ್ತಾ, ಮಗನಿಗೆ ಹೊಟ್ಟೆ ಬಂದಿದೆ ಎಂದು ಆಡಿಕೊಳ್ಳುತ್ತಾ ಉಂಡರು. ಅಪ್ಪ ಮಗಳು ಎದ್ದು ಕೈತೊಳೆಯಲು ಹೋದಾಗ ಅತ್ತೆ ನನ್ನ ಅಂಗೈ ಹಿಡಿದು ಬೊಬ್ಬೆಗಳನ್ನು ನೋಡಿದರು.

"ಎರಡನೇ ಕಾಲಿಗೆ ಗುರುತು ಹಾಕ್ದಾಗ್ಲೇ ಕಂಡಿತ್ತು ನಂಗೆ, ತಪ್ಪು ಅಂತ."

"ಮೂರು ದಿನ ಕೊರೆದಿದೀನಿ ಅತ್ತೆ! ಯಾಕೆ ಸುಮ್ನಿದ್ರಿ?"

"ನೀನು ಮಾಡ್ತಿದ್ದಿದ್ದು ಆ ಸಂದಿಗೆ. ಅದು ಸರಿಯಾಗಿ ಆಗಿಬಿಟ್ಟಿದ್ರೆ ಸಾಯೋ ತನಕ ನಾನು ಅಲ್ಲೇ ಒಬ್ಬಳೇ ಉಣ್ಬೇಕಾಗಿತ್ತು."

"ಬಾಯಿ ಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತಾ?"

"ಟೇಪು ಹಿಡ್ಕೊಂಡು ಅಳೆಯೋಕೆ ಬಂದ್ಯಲ್ಲ, ಅವತ್ತು ಕೇಳಿದ್ರೆ ಹೇಳ್ತಿದ್ದೆ."

ಕೋಪ ಬರಬೇಕಿತ್ತು. ಬಂದದ್ದು ನಾಚಿಕೆ. ಮಂಚ, ಬೀರು, ಸಂದಿ, ಎತ್ತರ ಎಲ್ಲವನ್ನೂ ಅಳೆದಿದ್ದೆ, ಮಂಚದ ಮೇಲೆ ಕೂತಿದ್ದವರನ್ನು ಒಂದು ಮಾತೂ ಕೇಳಿರಲಿಲ್ಲ.

"ಇನ್ನೊಂದು ಸ್ವಲ್ಪ ಬಡಿಸ್ಲಾ ಅತ್ತೆ?" ಎಂದು ಕೇಳಿದೆ.

"ಬಡಿಸು" ಎಂದು ಅವರು ತಟ್ಟೆಯನ್ನು ನನ್ನ ಕಡೆ ಸರಿಸಿದರು.