ಕುದಿಸಿ ಕಳಿಸಿದ ನೀರು

ಅಜ್ಜಿ ಎಂಬ ಪದವಿ ಬಂದು ಆಗಿನ್ನೂ ಎಂಟು ತಿಂಗಳಾಗಿತ್ತು. ಮೊಮ್ಮಗಳು ಹುಟ್ಟುವಾಗಲೇ ಎಷ್ಟು ದುಂಡಗಿದ್ದಳೆಂದರೆ, ಕಾಗದದಲ್ಲಿ ಬರೆಸಿದ ಹೆಸರು ಕಾಗದದಲ್ಲೇ ಉಳಿದು, ಮನೆಯವರ ಬಾಯಲ್ಲಿ ಅವಳು ಗುಂಡಮ್ಮನಾಗಿಬಿಟ್ಟಿದ್ದಳು. ಆ ಗುಂಡಮ್ಮನಿಗೆ ಈಗ ಒಂದೂವರೆ ತಿಂಗಳಿಂದ ಹೊಟ್ಟೆ ನಿಲ್ಲುತ್ತಿರಲಿಲ್ಲ. ನಾಲ್ಕು ದಿನ ಸರಿಹೋದಂತೆ ಕಾಣುವುದು, ಐದನೆಯ ದಿನ ಮತ್ತೆ ಶುರು. ಸೊಂಟದ ಮೇಲೆ ಎತ್ತಿಕೊಂಡರೆ ಒಣಬಟ್ಟೆಯ ಗಂಟಿನಷ್ಟೇ ಭಾರ.

ಮಕ್ಕಳ ಡಾಕ್ಟರು ಮೊದಲ ದಿನವೇ ಕೇಳಿದ್ದರು, “ಮನೆಗೆ ಯಾವ ನೀರು?”

“ಸ್ವಂತ ಬಾವಿ,” ಎಂದಿದ್ದರು ಅಜ್ಜಿ, ಸ್ವಂತ ಅನ್ನುವಲ್ಲಿ ತುಸು ಹೆಚ್ಚೇ ಒತ್ತು ಕೊಟ್ಟು.

ಡಾಕ್ಟರು ಸೀಲು ಹಾಕಿದ ಪುಟ್ಟ ಬಾಟಲಿಯೊಂದನ್ನು ಕೊಟ್ಟು, ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸಲು ಹೇಳಿದರು. ಮಗಳಿಗೆ ಅಂಚೆ ಕಚೇರಿಯಲ್ಲಿ ಕೌಂಟರಿನ ಕೆಲಸ, ಅಳಿಯ ದೂರದ ರೂಟಿನ ಬಸ್ ಓಡಿಸುವವನು. ಹಾಗಾಗಿ ಮಗುವೂ ಮನೆಯೂ ಬಾಟಲಿಯೂ ಅಜ್ಜಿಯ ಪಾಲಿಗೇ ಬಂದವು. ಅವರು ಶ್ರದ್ಧೆಯಿಂದ ತುಂಬಿ ಕಳಿಸಿದರು. ವಾರದೊಳಗೆ ಫಲಿತಾಂಶ ಬಂತು: ಕುಡಿಯಲು ಯೋಗ್ಯ. ಅಷ್ಟು ದಿನ “ಕ್ಯಾನ್ ನೀರು ತರಿಸೋಣಮ್ಮ” ಎಂದು ರಾಗ ಎಳೆಯುತ್ತಿದ್ದ ಮಗಳ ಮುಂದೆ ಅಜ್ಜಿ ಆ ಕಾಗದ ಹಿಡಿದು, “ನೋಡ್ಕೋ, ನಿನ್ನನ್ನ ಬೆಳೆಸಿದ ನೀರು ಇದು. ಅದಕ್ಕೇ ಅನುಮಾನ ಪಡ್ತೀಯಲ್ಲ,” ಎಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ನೀರು ಸರಿಯಿದೆ ಎಂದಮೇಲೆ ಡಾಕ್ಟರು ಬೇರೆ ಕಡೆ ಹುಡುಕತೊಡಗಿದರು. ಹಾಲಿನ ಪುಡಿ ಎರಡು ಸಲ ಬದಲಾಯಿತು. ರಕ್ತ ತೆಗೆದರು. ಕೊನೆಗೆ ಬರುವ ಗುರುವಾರ ದೊಡ್ಡಾಸ್ಪತ್ರೆಗೆ ಕರೆತನ್ನಿ ಎಂದರು. ಮಗುವಿಗೆ ಮಂಪರು ಕೊಟ್ಟು, ಬಾಯಿಂದ ಸಣ್ಣ ಕೊಳವೆ ಇಳಿಸಿ, ಕರುಳಿನಿಂದ ಚಿಟಿಕೆಯಷ್ಟು ತೆಗೆದು ನೋಡಬೇಕಂತೆ. ಮಗಳು ಅಲ್ಲಿ ತಲೆಯಾಡಿಸಿ ಎಲ್ಲ ಕೇಳಿಸಿಕೊಂಡು ಬಂದಳು. ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡಳು. ನಲ್ಲಿಯ ಸದ್ದಿನ ಹಿಂದೆ ಅಳುವ ಸದ್ದು ಅಡಗುತ್ತದೆ ಎಂದು ಹೆಣ್ಣುಮಕ್ಕಳು ಯಾಕೆ ನಂಬುತ್ತಾರೋ. ಅಜ್ಜಿಗೆ ಎರಡೂ ಕೇಳಿಸಿತು.

ಸೋಮವಾರ ಬೆಳಿಗ್ಗೆ ಆ ನಲ್ಲಿಯೂ ಕೆಮ್ಮಿತು. ಗಾಳಿ ಬಂತು, ಕೆಸರು ಬಂತು, ಆಮೇಲೆ ಏನೂ ಬರಲಿಲ್ಲ. ಅಜ್ಜಿ ಬಾವಿಯವನಿಗೆ ಹೇಳಿ ಕಳಿಸಿದರು.

ಬಾವಿಯವ ಬರುವುದು ಯಾವಾಗಲೂ ಹೆಂಡತಿಯ ಜೊತೆಗೇ. ಅವನು ಇಳಿಯುತ್ತಾನೆ, ಅವಳು ಮೇಲೆ ಹಗ್ಗ ಹಿಡಿಯುತ್ತಾಳೆ. ಯಾರಾದರೂ ಇದೇನೆಂದು ಕೇಳಿದರೆ, “ನನ್ನ ಪ್ರಾಣ ಮೂವತ್ತು ವರ್ಷದಿಂದ ಇವಳ ಕೈಲೇ ಇದೆ, ಅದಕ್ಕೇ ಮನೇಲಿ ಎದುರು ಮಾತಾಡಲ್ಲ,” ಎನ್ನುತ್ತಾನೆ. ಅವನು ಪಂಪಿನ ಪೈಪಿನ ತಳದ ಜಾಲರಿ ಬಿಚ್ಚಿ, ಸಿಕ್ಕಿದ್ದ ಕಸ ತೆಗೆದ. ಆಮೇಲೆ ಬಾವಿಯ ಸುತ್ತ ಒಂದು ಸುತ್ತು ಬಂದು, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತ. ಕಲ್ಲಿನಿಂದ ಹರಿದ ನೀರು ಹೋಗಬೇಕಾದ ಕಡೆ ಹೋಗದೆ, ಬಾವಿಕಟ್ಟೆಯ ಬುಡದ ಬಿರುಕಿನ ಕಡೆಗೇ ಹೋಗುತ್ತಿತ್ತು.

“ಅಮ್ಮಾವ್ರೇ, ಮಗು ಬಟ್ಟೆ ಎಲ್ಲಿ ಒಗೀತೀರಿ?”

“ಇಲ್ಲೇ.”

“ಈ ಬಿರುಕು ನೋಡಿ. ಒಗೆದ ನೀರೆಲ್ಲ ಬಾವಿಗೇ ವಾಪಸ್ಸು ಬರ್ತಾ ಇದೆ. ಒಂದ್ಸಲ ನೀರು ಪರೀಕ್ಷೆ ಮಾಡಿಸಿಬಿಡಿ.”

ಅಜ್ಜಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಗೆದ್ದವರಂತೆ ಒಳಗೆ ಹೋಗಿ ಫ್ರಿಜ್ಜಿನಿಂದ ಕಾಗದ ಕಿತ್ತು ತಂದರು. ಬಾವಿಯವ ಓದಿದ, ತಿರುಗಿಸಿ ಹಿಂಬದಿಯನ್ನೂ ನೋಡಿದ.

“ತೆರೆದ ಬಾವಿ ನೀರಲ್ಲಿ ಒಂದು ಹುಳ ಕೂಡ ಇಲ್ವಲ್ಲ. ಇದು ಯಾವ ನಲ್ಲಿಯಿಂದ ಹಿಡಿದಿದ್ದು?”

“ಅಡುಗೆಮನೆ ನಲ್ಲಿ. ಹಿಡಿದು, ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ಬಿಳೀ ಬಟ್ಟೇಲಿ ಸೋಸಿ ತುಂಬಿಸಿದೆ. ಹೊರಗಿನವರ ಕೈಗೆ ಹೋಗೋ ನೀರಲ್ವಾ. ಹಾಗೇ ಹಸಿನೀರು ಕಳಿಸೋಕಾಗುತ್ತಾ?”

ಬಾವಿಯವ ಹೆಂಡತಿಯ ಮುಖ ನೋಡಿದ. ಹೆಂಡತಿ ಆಕಾಶ ನೋಡಿದಳು.

“ಅಮ್ಮಾವ್ರೇ,” ಎಂದ ಅವನು, ಆದಷ್ಟು ಮೆತ್ತಗೆ, “ನೀವು ಕಳಿಸಿದ್ದು ಬಾವಿ ನೀರಲ್ಲ, ಒಲೆ ನೀರು. ನಿಮ್ಮ ಒಲೆ ಚೆನ್ನಾಗಿ ಉರಿಯುತ್ತೆ ಅಂತ ಅವರು ಬರೆದು ಸೀಲು ಹೊಡೆದು ಕೊಟ್ಟಿದ್ದಾರೆ.”

ಅಜ್ಜಿಗೆ ನಗು ಬಂತು. ನಗು ತುಟಿಗೆ ಬರುವಷ್ಟರಲ್ಲಿ ಅರ್ಥವೂ ಬಂತು.

“ಆದ್ರೆ ಮಗೂಗೂ ಕುದಿಸಿದ ನೀರೇ ಹಾಕ್ತೀನಲ್ಲ,” ಎಂದರು, ತಮಗೆ ತಾವೇ ಹೇಳಿಕೊಂಡಂತೆ.

“ಹಾಲಿನ ಬಾಟ್ಲಿನೋ?” ಎಂದಳು ಬಾವಿಯವನ ಹೆಂಡತಿ.

“ಅದನ್ನೂ ಬಿಸಿನೀರಲ್ಲಿ ಬೇಯಿಸ್ತೀನಿ. ಮಗು ಕೈ ಸುಡಬಾರದು ಅಂತ ಕೊನೇಲಿ ಒಂದ್ಸಲ ತಣ್ಣೀರಲ್ಲಿ…”

ನಲ್ಲಿಯ ಹಸಿನೀರು. ದಿನಕ್ಕೆ ಆರು ಸಲ, ತಮ್ಮ ಕೈಯಾರೆ, ಅಕ್ಕರೆಯಿಂದ. ಅವರು ಒಗೆಯುವ ಕಲ್ಲಿನ ಮೇಲೆ ಕುಳಿತುಬಿಟ್ಟರು. ಬಾವಿಯವನ ಹೆಂಡತಿ ಅಜ್ಜಿಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡು, ಬೆನ್ನು ತಟ್ಟುತ್ತ ಅಂಗಳದಲ್ಲಿ ಸುತ್ತು ಹಾಕತೊಡಗಿದಳು.

ಬಾವಿಯವ ಹಗ್ಗ ಸುತ್ತಿಡುತ್ತ ಹೇಳಿದ. “ಇದೇನು ಡಂಗುರ ಹೊಡೆಯೋ ವಿಷಯ ಅಲ್ಲ. ಭಾನುವಾರ ಬಂದು ಬಾವಿ ತೊಳೆದು ಔಷಧಿ ಹಾಕ್ತೀವಿ. ವಾರ ಬಿಟ್ಟು ಹಸಿನೀರೇ ಹಿಡಿದು ಕಳಿಸಿ. ನಾವಂತೂ ಯಾರಿಗೂ ಹೇಳಲ್ಲ.”

ದೊಡ್ಡ ಮನಸ್ಸಿನ ಮಾತು. ಆದರೆ ಭಾನುವಾರಕ್ಕಿಂತ ಮೊದಲು ಗುರುವಾರ ಬರುತ್ತದಲ್ಲ. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ, ಕೊಳವೆ ಇಳಿಯುತ್ತದೆ. ಬಾಯಿ ಬಿಟ್ಟರೆ ಬಣ್ಣಗೇಡು. ಅಜ್ಜಿ ಲೆಕ್ಕ ಹಾಕಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಸಂಜೆಯವರೆಗೆ ಕಾದರೆ ಧೈರ್ಯ ಆರಿಹೋದೀತೆಂದು ಮಗುವನ್ನು ಎತ್ತಿಕೊಂಡು, ಅಡುಗೆಮನೆಯ ಚಪ್ಪಲಿಯಲ್ಲೇ ಅಂಚೆ ಕಚೇರಿಗೆ ನಡೆದರು.

ಮಗಳ ಕೌಂಟರಿನ ಮುಂದೆ ಏಳು ಜನರ ಸಾಲು. ಅಜ್ಜಿ ಎಂಟನೆಯವರಾಗಿ ನಿಂತರು. ಮುಂದೆ ನಿಂತಿದ್ದ, ದೊಡ್ಡ ಪಾರ್ಸೆಲ್ ಅಪ್ಪಿಕೊಂಡಿದ್ದ ಮುದುಕರು ತಿರುಗಿ ಮಗುವನ್ನೂ ಅಜ್ಜಿಯ ಕಾಲನ್ನೂ ನೋಡಿ, “ಮುಂದೆ ಹೋಗಮ್ಮ, ನನ್ನದೇನೂ ಅಳೋ ಪಾರ್ಸೆಲ್ ಅಲ್ಲ,” ಎಂದರು. ಅವರ ಮುಂದಿನವರೂ ಹಾಗೆಯೇ ಸರಿದರು. ಅಜ್ಜಿಗೆ ಬೇಕಾಗಿದ್ದದ್ದು ಸ್ವಲ್ಪ ಸಮಯ. ಜನರ ಒಳ್ಳೆಯತನ ಅದನ್ನೂ ಕಿತ್ತುಕೊಂಡಿತು.

“ಅಮ್ಮ? ಏನಾಯ್ತು? ಮಗು—”

“ಮಗು ಹಾಗೇ ಇದೆ. ನಾನು ಪರೀಕ್ಷೆಗೆ ನೀರು ಕಳಿಸಿದ್ನಲ್ಲ, ಕುದಿಸಿ ಕಳಿಸಿದ್ದೆ.”

ಮಗಳ ಕೈಯಲ್ಲಿದ್ದ ಮೊಹರು ಗಾಳಿಯಲ್ಲೇ ನಿಂತಿತು.

“ಕುದಿಸಿ?”

“ಸೋಸಿನೂ ಇದ್ದೆ,” ಎಂದರು ಅಜ್ಜಿ. ಹೇಳುವುದಾದರೆ ಪೂರ್ತಿ ಹೇಳಿಬಿಡಬೇಕು. “ಬಾಟ್ಲಿ ಮಾತ್ರ ಕೊನೇಲಿ ಹಸಿನೀರಲ್ಲಿ ತೊಳೀತಿದ್ದೆ. ಬಾವಿಯವರು ಈಗ ಹೇಳಿದ್ರು. ಗುರುವಾರಕ್ಕೆ ಮುಂಚೆ ಡಾಕ್ಟ್ರಿಗೆ ಹೇಳ್ಬೇಕಲ್ಲ, ಅದಕ್ಕೇ ಓಡಿ ಬಂದೆ.”

ಮಗಳು ಮೊಹರನ್ನು ಇಳಿಸಿದಳು, ಒಂದೇ ಲಕೋಟೆಯ ಮೇಲೆ ಮೂರು ಸಲ. ಅವಳ ಮುಖ ಕೆಂಪಾಯಿತು, ಬಿಳಿಯಾಯಿತು. ಪಕ್ಕದ ಕೌಂಟರಿನ ಗೆಳತಿ, ಏನೂ ಕೇಳಿಸಿಕೊಳ್ಳದವಳಂತೆ, “ಸಾಲು ಈ ಕಡೆ ಬರಲಿ,” ಎಂದು ಎಲ್ಲರನ್ನೂ ತನ್ನ ಕಡೆ ಕರೆದುಕೊಂಡಳು.

“ಎಷ್ಟು ಹೊತ್ತು ಕುದಿಸಿದೆ?” ಎಂದು ಮಗಳು ಕೊನೆಗೆ ಕೇಳಿದಳು.

“ಹತ್ತು ನಿಮಿಷ.”

“ಚೆನ್ನಾಗೇ ಕುದಿಸಿದೀಯ,” ಎಂದು ಫೋನು ಕೈಗೆತ್ತಿಕೊಂಡಳು.

ಡಾಕ್ಟರು ಆ ಕಡೆಯಿಂದ ಎಲ್ಲವನ್ನೂ ಎರಡೆರಡು ಸಲ ಕೇಳಿ ತಿಳಿದುಕೊಂಡರಂತೆ. ಆಮೇಲೆ ಮೂರು ವಾರದ ಗಡುವು ಕೊಟ್ಟರು. ಈಗಲೇ ಹಸಿನೀರು ಕಳಿಸಿ ನೋಡುವುದು, ಬಾವಿ ಸರಿಮಾಡಿಸುವುದು, ಅಲ್ಲಿಯವರೆಗೆ ಮಗುವಿನ ಬಾಯಿಗೆ ತಾಗುವುದಕ್ಕೆಲ್ಲ ಕುದಿಸಿದ ನೀರೇ. ಮಗು ಚೇತರಿಸಿಕೊಂಡು, ನೀರೂ ಸರಿಬಂದರೆ ಕೊಳವೆ ಬೇಡ. ಇಲ್ಲವಾದರೆ ಮತ್ತೆ ತಡಮಾಡುವ ಹಾಗಿಲ್ಲ.

ಗುರುವಾರ ಬಂದ ಕಾಗದದಲ್ಲಿ ಮುಚ್ಚುಮರೆ ಇರಲಿಲ್ಲ: ಕುಡಿಯಲು ಯೋಗ್ಯವಲ್ಲ. ಇದನ್ನು ಯಾರೂ ಫ್ರಿಜ್ಜಿಗೆ ಅಂಟಿಸಲಿಲ್ಲ. ಮಗಳು ಜಗಳವಾಡಲಿಲ್ಲ. ಜಗಳವಾಡಿದ್ದರೆ ಅಜ್ಜಿಗೆ ಸಮಾಧಾನವಾಗುತ್ತಿತ್ತು. ಅವಳು ಹೇಳಬೇಕಾದ್ದನ್ನೆಲ್ಲ ಮಗುವಿನ ಮೂಲಕ ಹೇಳತೊಡಗಿದಳು. “ಗುಂಡಮ್ಮಾ, ಅಜ್ಜಿಗೆ ಹೇಳು, ಚಮಚನೂ ಕುದಿಸಿದ ನೀರಲ್ಲೇ ತೊಳೀಬೇಕಂತೆ.” ಅಜ್ಜಿಯೂ ಬಿಡಲಿಲ್ಲ. “ಗುಂಡಮ್ಮಾ, ನಿಮ್ಮಮ್ಮಂಗೆ ಹೇಳು, ತೊಳೆದಾಯ್ತು ಅಂತ.” ಗುಂಡಮ್ಮ ಇಬ್ಬರನ್ನೂ ನೋಡಿ ಜೊಲ್ಲು ಸುರಿಸುತ್ತಿದ್ದಳು.

ಭಾನುವಾರ ಬಾವಿಯವರು ಬಂದರು. ಮೊದಲು ನೀರನ್ನೆಲ್ಲ ಎಳೆದು ಹೊರಗೆ ಹಾಕಿದರು. ಬಳಿಕ ಒಳಗೆ ಉಸಿರಾಡುವ ಗಾಳಿ ಇದೆಯೇ ಎಂದು ನೋಡಲು ಹಗ್ಗಕ್ಕೆ ಕಟ್ಟಿದ ದೀಪವನ್ನು ತಳದವರೆಗೂ ಬಿಟ್ಟರು. ಅದು ಆರದೆ ಉರಿದಮೇಲೆಯೇ ಹೆಂಡತಿ ಗಂಡನನ್ನು ಇಳಿಯಗೊಟ್ಟಳು. ಬಕೆಟ್ಟು ಬಕೆಟ್ಟು ಹೂಳು ಮೇಲೆ ಬಂತು. ಅದರಲ್ಲಿ ಮೂರು ಚಮಚ, ಒಂದು ಚೆಂಡು, ಮಗಳು ಐದನೆಯ ತರಗತಿಯಲ್ಲಿ ಕಳೆದುಕೊಂಡು ಪೆಟ್ಟು ತಿಂದಿದ್ದ ಜಾಮಿಟ್ರಿ ಡಬ್ಬಿ. ಗೋಡೆಯನ್ನು ಬ್ರಷ್ಷಿನಿಂದ ಉಜ್ಜಿದರು. ಅಳಿಯ ಸಿಮೆಂಟು ಕಲಸಿ, ಬಿರುಕು ಮುಚ್ಚಿ, ನೀರು ಆಚೆಗೆ ಹರಿಯುವಂತೆ ಕಟ್ಟೆಯ ಸುತ್ತ ಇಳಿಜಾರು ಮಾಡಿದ. ಒಗೆಯುವ ಕಲ್ಲು ಹಿತ್ತಿಲ ಆ ಮೂಲೆಗೆ ಹೋಯಿತು. ಬಾವಿಯ ಬಾಯಿಗೆ ಬಲೆ ಹೊಡೆದ ಮುಚ್ಚಳ ಬಂತು.

ಹೊಸ ನೀರು ಊರಿ ನಿಂತಮೇಲೆ, ಮಾರನೆಯ ದಿನ, ಬಾವಿಯವ ಹಗ್ಗ ಬಿಟ್ಟು ಆಳ ಅಳೆದು, ಬ್ಲೀಚಿಂಗ್ ಪುಡಿಯ ಅಳತೆ ಹೇಳಿದ. ಅಜ್ಜಿ ಬಕೆಟ್ಟಿನಲ್ಲಿ ಕದಡಿದರು, ಗಸಿ ಕೂರುವವರೆಗೆ ಕಾದರು, ತಿಳಿಯನ್ನು ಮಾತ್ರ ಬಾವಿಯ ಗೋಡೆಯ ಮೇಲೆ ಸುತ್ತಲೂ ಸುರಿದರು. ಇಷ್ಟಕ್ಕೇ ಮುಗಿಯುವುದಿಲ್ಲ, ಪಂಪು ಹಾಕಿ ಮೇಲಿನ ಟ್ಯಾಂಕು ತುಂಬಿಸಿ, ಮನೆಯ ಪ್ರತಿಯೊಂದು ನಲ್ಲಿಯಲ್ಲೂ ಔಷಧಿಯ ವಾಸನೆ ಬರುವವರೆಗೆ ಬಿಟ್ಟು, ಆಮೇಲೆ ಇಡೀ ಒಂದು ದಿನ ಮುಟ್ಟದೆ ಬಿಡಬೇಕು. ಅಜ್ಜಿ ನಲ್ಲಿಯಿಂದ ನಲ್ಲಿಗೆ ಮೂಗು ಒಡ್ಡಿಕೊಂಡು ಹೋದರು. ಎಂಟನೆಯ ನಲ್ಲಿ ಎಲ್ಲಿದೆಯೆಂದು ಹುಡುಕುತ್ತಿರುವಾಗ ಮೇಲಿನ ಟ್ಯಾಂಕು ತುಂಬಿ, ಔಷಧಿ ನೀರು ಛಾವಣಿಯಿಂದ ನೇರವಾಗಿ, ಆಗ ತಾನೇ ಕೆಲಸದಿಂದ ಬಂದು ಬಾಗಿಲು ತೆಗೆಯುತ್ತಿದ್ದ ಮಗಳ ನೆತ್ತಿಯ ಮೇಲೆ ಸುರಿಯಿತು.

“ಅಮ್ಮಾ, ಪಂಪ್ ಆಫ್ ಮಾಡೇ!”

ಒಂದು ವಾರದ ಮೇಲೆ ಬಂದ ಮೊದಲ ನೇರ ಮಾತು. ಅಜ್ಜಿ ಓಡಿ ಪಂಪು ನಿಲ್ಲಿಸಿ, ಟವೆಲು ಹಿಡಿದು ಬಂದರು. ಮಗಳು ತಲೆ ಬಗ್ಗಿಸಿ ನಿಂತಳು. ಅಜ್ಜಿ ಒರೆಸಿದರು.

“ಅಂತೂ ನನ್ನನ್ನೂ ಶುದ್ಧಿ ಮಾಡಿದೆ,” ಎಂದಳು ಮಗಳು ಟವೆಲಿನೊಳಗಿಂದ.

“ನಿನ್ನನ್ನ ಕುದಿಸೋಕಾಗಲ್ವಲ್ಲ, ಅದಕ್ಕೆ,” ಎಂದರು ಅಜ್ಜಿ. ಇಬ್ಬರೂ ನಕ್ಕರು. ನಕ್ಕು ಮುಗಿಯುವಾಗ ಅಜ್ಜಿಯ ಕಣ್ಣು ಉರಿಯುತ್ತಿತ್ತು. ಔಷಧಿ ಸ್ವಲ್ಪ ಖಾರವೇ ಇತ್ತು.

ಮೂರನೆಯ ವಾರದ ಕೊನೆಯಲ್ಲಿ ಡಾಕ್ಟರ ಕೋಣೆಯಲ್ಲಿ ಗುಂಡಮ್ಮನನ್ನು ತೂಕದ ತಟ್ಟೆಯಲ್ಲಿ ಕೂರಿಸಿದರು. ಅವಳು ತಟ್ಟೆಯ ಅಂಚು ಹಿಡಿದು ಡಾಕ್ಟರ ಕೊರಳಿನ ಸ್ಟೆತಾಸ್ಕೋಪಿಗೆ ಕೈ ಹಾಕಿದಳು. ಹನ್ನೆರಡು ದಿನದಿಂದ ಹೊಟ್ಟೆ ಕೆಟ್ಟಿರಲಿಲ್ಲ. ತೂಕ ಏರಿತ್ತು, ಹೆಚ್ಚಲ್ಲ, ಆದರೆ ಏರಿತ್ತು. ಹೊಸ ಪರೀಕ್ಷೆಯ ಕಾಗದ ಮೇಜಿನ ಮೇಲಿತ್ತು. ಡಾಕ್ಟರು ಓದಿದರು: ಕುಡಿಯಲು ಯೋಗ್ಯ. ಅವರ ಪೆನ್ನು ದೊಡ್ಡಾಸ್ಪತ್ರೆಯ ಚೀಟಿಯ ಮೇಲೆ ಬಂದು ನಿಂತಿತು, ಆದರೆ ಗೀಟು ಹಾಕಲಿಲ್ಲ.

“ಬೇಜಾರು ಮಾಡ್ಕೋಬೇಡಿ, ಕೇಳಲೇಬೇಕು,” ಎಂದರು. “ಈ ಸಲ ನೀರು ಹಿಡಿದವರು ಯಾರು?”

ಅಜ್ಜಿ ತಮ್ಮ ಕೈಗಳನ್ನು ನೋಡಿಕೊಂಡರು. ನೀರು ಕಳಿಸಬೇಕಿದ್ದ ಬೆಳಿಗ್ಗೆ ಮಗಳು ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, “ತುಂಬಿಸಿ ಪೋಸ್ಟಾಫೀಸಿಗೆ ತಂದುಕೊಡು,” ಎಂದಷ್ಟೇ ಹೇಳಿ ಕೆಲಸಕ್ಕೆ ಹೊರಟುಹೋಗಿದ್ದಳು. ಹೊರಗಿನ ಕೊಳೆ ಸೇರದಿರಲೆಂದು ನಲ್ಲಿಯ ಬಾಯಿಗೆ ಬೆಂಕಿ ಹಿಡಿದು, ಎರಡು ನಿಮಿಷ ನೀರು ಬಿಟ್ಟು, ಬಾಟಲಿಯ ಒಳಗೆ ಬೆರಳು ತಾಗದಂತೆ, ಹಸಿನೀರನ್ನು ಹಸಿಹಸಿಯಾಗಿ ತುಂಬುವಾಗ ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ.

“ನಮ್ಮಮ್ಮ,” ಎಂದಳು ಮಗಳು. “ನಾನು ಮನೇಲೂ ಇರ್ಲಿಲ್ಲ.”

ಡಾಕ್ಟರು ಅವಳನ್ನು ನೋಡಿದರು, ಅಜ್ಜಿಯನ್ನು ನೋಡಿದರು. “ಕುದಿಸಬೇಡಿ ಅಂತ ಆವತ್ತು ನಾನೂ ಹೇಳಿರಲಿಲ್ಲ,” ಎಂದು ಸಣ್ಣ ದನಿಯಲ್ಲಿ ಹೇಳಿ, ದೊಡ್ಡಾಸ್ಪತ್ರೆಯ ಚೀಟಿಗೆ ಅಡ್ಡಗೆರೆ ಎಳೆದರು. ಅಜ್ಜಿ ಎದ್ದು ಮಗುವಿಗೆ ಅಂಗಿ ತೊಡಿಸತೊಡಗಿದರು. ಮೇಲಿನ ಗುಂಡಿ ಹಾಕಲು ಈಗ ತುಸು ಎಳೆಯಬೇಕಾಯಿತು.