ಮೂಕ ಬಾಂಡ್ಲಿ

"ಒಂದು ಅನ್ನಾಕೂ ಬರಲ್ಲೇನಮ್ಮಾ ನಿಂಗೆ? ಒಂದು! ಒಂದೂ!"

ತನಿಖೆಗೆ ಬಂದಿದ್ದ ಸಾಹೇಬರು ತೋರುಬೆರಳನ್ನು ನಮ್ಮ ಗ್ಯಾಂಗಿನ ಸಿದ್ದೀಕಾ ಖಾಲಾಳ ಮೂಗಿನ ಮುಂದೆ ನೆಟ್ಟಗೆ ನಿಲ್ಲಿಸಿದರು. ಖಾಲಾ ಬೆರಳನ್ನು ನೋಡಿದಳು, ಬೆರಳಿನ ಹಿಂದಿದ್ದ ಸಾಹೇಬರನ್ನು ನೋಡಿದಳು.

"ಬರ್ತತ್ರಿ ಸಾಹೇಬ್ರೆ. ಆದ್ರೆ ಅಳೆಯುವಾಗ ಒಂದು ಅನ್ನಲ್ರಿ ನಾವು. ಲಾಭ ಅಂತೀವಿ."

"ಏನಂತೀರಿ? ಇನ್ನೊಂದ್ಸಲ ಹೇಳು, ಎಲ್ಲಾರಿಗೂ ಕೇಳ್ಲಿ."

"ಲಾಭ... ಎಲ್ಡು... ಮೂರು... ನಾಕು... ಐದು."

ಹರಿಹರದ ಆ ಕಚೇರಿಯಲ್ಲಿ ಎಲ್ಲರೂ ನಕ್ಕರು. ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತಿದ್ದ ನಮ್ಮ ಕಂಟ್ರಾಕ್ಟರ್ ಮುರುಗೇಶಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಪಕ್ಕದಲ್ಲಿ ನಿಂತಿದ್ದ ಸೈಟ್ ಇಂಜಿನಿಯರ್ ಅಂಜನ್ ಕುಮಾರ್, ಮುರುಗೇಶಪ್ಪ ನಕ್ಕದ್ದು ಖಚಿತವಾದ ಮೇಲೆ ನಕ್ಕ. ಕುರ್ಚಿಗಳು ಇನ್ನೂ ಖಾಲಿಯಿದ್ದವು. ನಾವು ನಿಂತಿದ್ದೆವು. ಸಿಮೆಂಟಿನ ಬಟ್ಟೆಯಲ್ಲಿ ಕೂತರೆ ಕುರ್ಚಿ ಹೊಲಸಾಗುತ್ತದೆಂದು ಜವಾನ ಮೊದಲೇ ಹೇಳಿದ್ದ.

"ಅಂದ್ರೆ, ಲಾಭ ಅಂತ ಒಂದು ಬಾಂಡ್ಲಿ ಮರಳು ಪುಕ್ಕಟೆ ಸುರೀತೀರಿ. ಆಮೇಲೆ ನಿಮ್ಮ ಎಣಿಕೆ ಶುರು."

"ಅಲ್ರೀ, ಲಾಭಾನೇ ಒಂದನೇದು. ಅದರ ಹಿಂದೇನೇ ಎಲ್ಡು ಬರ್ತತಿ."

"ಲಾಭ ಹೆಂಗಮ್ಮಾ ಒಂದಾಗ್ತತಿ? ಒಂದು ಅಂದ್ರೆ ಒಂದು. ಲಾಭ ಅಂದ್ರೆ ಹೆಚ್ಚಿಗಿ." ಸಾಹೇಬರು ಗುಮಾಸ್ತನ ಕಡೆ ತಿರುಗಿದರು. ಅವರ ದನಿ ಮೂಗಿನಿಂದ ಹೊಟ್ಟೆಗೆ ಇಳಿಯಿತು. "ಬರ್ಕೊಳ್ರಿ. ಕಾಂಕ್ರೀಟಿನ ಮಿಶ್ರಣಕ್ಕೆ ಎಣಿಕೆ ಕೂಗುತ್ತಿದ್ದ ಮೃತ ಕಾಟಮ್ಮಳು ಮೂಢನಂಬಿಕೆಯಿಂದ ಪ್ರತಿ ಚೀಲ ಸಿಮೆಂಟಿಗೂ ಹೆಚ್ಚುವರಿ ಮರಳು ಹಾಕಿಸಿದ್ದರಿಂದ ಕಲ್ಯಾಣ ಮಂಟಪದ ಸಜ್ಜಾ ದುರ್ಬಲವಾಗಿ ಕುಸಿದಿರುವುದು ಕಂಡುಬಂದಿದೆ."

ಹೀಗೆ ಕಾಟಮ್ಮಕ್ಕ ತನ್ನ ತಲೆಯ ಮೇಲೆ ತಾನೇ ಸಜ್ಜಾ ಕೆಡವಿಕೊಂಡಳು.

ಹೊಸ್ತಿಲಾಚೆ ಕೂತಿದ್ದ ಅವಳ ಗಂಡ ಗಿಡ್ಡಪ್ಪ ಎದ್ದು ನಿಂತ. "ಸಾಹೇಬ್ರ, ನನ್ ಹೆಣ್ತಿ ಎಣಿಕಿ ತಪ್ಪಾಕಿ ಅಲ್ರಿ."

"ಏಯ್, ಚಪ್ಪಲಿ ಹತ್ರಾನೇ ನಿಂತ್ಕೊಂಡು ಮಾತಾಡು."

ಅವನು ಚಪ್ಪಲಿಗಳ ಹತ್ತಿರವೇ ನಿಂತಿದ್ದ. ಇನ್ನೂ ಹಿಂದೆ ಸರಿದ.

ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಲು ಖಾಲಾಳ ಮುಂದೆ ಶಾಯಿಯ ಡಬ್ಬಿ ತಂದಿಟ್ಟರು. ಖಾಲಾ ಸೆರಗಿನಲ್ಲಿ ಕೈ ಸುತ್ತಿಕೊಂಡಳು. "ಮನಿಯಾಗೆ ಕೇಳ್ಕಂಡು ಹಾಕ್ತೀನ್ರಿ." ಅವಳ ಮನೆಯಲ್ಲಿ ಕೇಳಲು ಯಾರೂ ಇರಲಿಲ್ಲ. ಅದು ಮುರುಗೇಶಪ್ಪನಿಗೂ ಗೊತ್ತಿತ್ತು. ಅವನು ಮಾತಿಗೆ ಮುಂಚೆ ಒಮ್ಮೆ ಕ್ಯಾಕರಿಸುತ್ತಾನೆ, ಮಾತಿನ ತುದಿಗೆ 'ಆತೇನು' ಎಂದು ಮೊಳೆ ಹೊಡೆಯುತ್ತಾನೆ.

"ಹ್ಞಾಂ... ಸೋಮವಾರ ವಿದ್ಯಾನಗರದಾಗೆ ಸ್ಲ್ಯಾಬ್ ಐತಿ. ಸಾಹೇಬ್ರು ಪೂಜೆಗೆ ಬರ್ತಾರೆ. ಅಲ್ಲೇ ಒತ್ತು. ಒತ್ತಲಿಲ್ಲ ಅಂದ್ರೆ ಇಡೀ ಗ್ಯಾಂಗಿಗೆ ದಾವಣಗೆರ್ಯಾಗೆ ಯಾವ ಬೋಳಿಮಗನೂ ಕೆಲಸ ಕೊಡಲ್ಲ. ಆತೇನು?"

ಖಾಲಾ ಸೆರಗಿನಿಂದ ಕೈ ಬಿಚ್ಚದೆಯೇ ಹೊರಗೆ ನಡೆದಳು.

*

ನಾನು ಇಮ್ರಾನ್. ಮಿಲ್ಲರ್ ಆಪರೇಟರ್. ಮಿಲ್ಲರ್ ಎಂದರೆ ಸಿಮೆಂಟು, ಮರಳು, ಜಲ್ಲಿ, ನೀರು ನುಂಗಿ, ಹೊಟ್ಟೆ ತಿರುಗಿಸಿ, ಮಾಲು ಕಕ್ಕುವ ಯಂತ್ರ. ಬಿ.ಕಾಂ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಇದರ ಚಕ್ರ ತಿರುಗಿಸುವುದು. ಬ್ಯಾಲೆನ್ಸ್ ಶೀಟಿನಲ್ಲಿ ಲಾಭ ಕೊನೆಗೆ ಬರುತ್ತದೆಂದು ಕಾಲೇಜಿನಲ್ಲಿ ಕಲಿತಿದ್ದೆ. ಅದನ್ನು ಮೊದಲಿಗೇ ಇಟ್ಟವಳು ಕಾಟಮ್ಮಕ್ಕ.

ಅವಳು ನಂದಿಗುಡಿ ಕಡೆಯವಳು. ಹುಟ್ಟಿದಂದಿನಿಂದ ಬೇರೆಯವರ ಭತ್ತ ಅಳೆದವಳು. ಕಣದಲ್ಲಿ ಮೊದಲ ಕೊಳಗ ಸುರಿಯುವಾಗ ಯಾರೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಒಂದು ಎಂದರೆ ಒಂಟಿಯಾಗಿ ಉಳಿದುಬಿಡುತ್ತದಂತೆ. ಅಳತೆ ಹೋದಲ್ಲೆಲ್ಲ ಆ ಮಾತೂ ಹೋಗಬೇಕೆಂದು ಅದನ್ನು ನಮ್ಮ ಮಿಲ್ಲರಿನ ಬಾಯಿಗೂ ತಂದಳು. ಒಂದು ಚೀಲ ಸಿಮೆಂಟಿಗೆ ತಲೆ ಸವರಿದ ಐದು ಬಾಂಡ್ಲಿ ಮರಳು, ಹತ್ತು ಬಾಂಡ್ಲಿ ಜಲ್ಲಿ. ಹೆಂಗಸರು ಸಾಲಾಗಿ ಬಂದು ಬಾಂಡ್ಲಿ ಬೋರಲು ಹಾಕುತ್ತಿದ್ದಂತೆ ಅವಳ ಕೂಗು ಇಂಜಿನ್ನಿನ ಸದ್ದಿನ ಮೇಲೆ ಹತ್ತಿ ನಿಲ್ಲುತ್ತಿತ್ತು. "ಲಾ...ಭಾ! ಎಲ್ಡೂ!" 'ಲಾ' ಉದ್ದ, 'ಭ' ಗಕ್ಕನೆ. ಆ 'ಭ'ಕ್ಕೇ ಮರಳು ಡ್ರಮ್ಮಿಗೆ ಬೀಳಬೇಕು. ಕೂಗಿಲ್ಲದೆ ಬಾಂಡ್ಲಿ ಬೀಳುವಂತಿಲ್ಲ, ಬಾಂಡ್ಲಿ ಬೀಳದೆ ಕೂಗುವಂತಿಲ್ಲ.

ನನಗೆ ಯಾರ ದನಿ ಸಿಕ್ಕರೂ ಗಂಟಲಿಗೆ ಹಾಕಿಕೊಳ್ಳುವ ಚಟ. ಮುರುಗೇಶಪ್ಪನಂತೆ ಕ್ಯಾಕರಿಸಿ ಒಮ್ಮೆ ಅಂಜನ್ ಕುಮಾರನನ್ನು ಏಣಿ ಹತ್ತಿಸಿದ್ದೇನೆ. ಕಾಟಮ್ಮಕ್ಕನಂತೆ ಕೂಗಿ ಊಟದ ಹೊತ್ತಿನಲ್ಲಿ ಎಲ್ಲರನ್ನೂ ಬಾಂಡ್ಲಿ ಹಿಡಿಸಿದ್ದೇನೆ. "ನನ್ ಗಂಟ್ಲ ನನ್ ಹತ್ರಾನೇ ಇರ್ಲಿ ಬಿಡಲೇ ಹಾಟ್ಯಾ," ಎಂದು ಅವಳು ಜಲ್ಲಿ ತೂರುತ್ತಿದ್ದಳು, ತಾಕದ ಹಾಗೆ.

ಹರಿಹರದ ಕಲ್ಯಾಣ ಮಂಟಪದ ಕೆಲಸದಲ್ಲಿ ಮುರುಗೇಶಪ್ಪ ಅವಳನ್ನು ಪಕ್ಕಕ್ಕೆ ಕರೆದ.

"ಹ್ಞಾಂ... ಐದು ಕೂಗಿದ ಮ್ಯಾಲೆ ಇನ್ನ ಮೂರು ಮರಳು ಹಾಕ್ಸು. ಅವನ್ನ ಕೂಗಬ್ಯಾಡ. ಆತೇನು?"

"ಅಷ್ಟು ಮರಳು ಹಾಕಿದ್ರೆ ಮಾಲು ಬೂದಿ ಆಗ್ತತಿ ಧಣಿ."

"ನೀನು ಕೂಗಾಕೆ ಬಂದೀಯೋ, ಇಂಜಿನಿಯರ್ ಆಗಾಕೆ ಬಂದೀಯೋ, ಮುಂಡೇ?"

ಅಂದಿನಿಂದ ಆರು, ಏಳು, ಎಂಟನೆಯವು ಮೂಕ ಬಾಂಡ್ಲಿಗಳಾದವು. ಹೆಸರಿಟ್ಟವಳು ಅವಳೇ. ಐದರವರೆಗೆ ಕೂಗುವಳು, ಆಮೇಲೆ ಮೂರು ಬಾಂಡ್ಲಿ ಬೀಳುವಷ್ಟು ಹೊತ್ತು ತುಟಿ ಕಚ್ಚಿಕೊಂಡು ಡ್ರಮ್ಮನ್ನೇ ನೋಡುವಳು. "ಹೆಸರಿಡದೆ ಹೂತ ಕೂಸಿನ ಹಂಗೆ ಕಣೋ ಇವು," ಎಂದು ಒಮ್ಮೆ ನನಗೆ ಹೇಳಿದಳು. "ಇವತ್ತಲ್ಲ ನಾಳೆ ಹೆಸರು ಕೇಳ್ಕಂಡು ಬರ್ತಾವೆ."

ಸಜ್ಜಾಕ್ಕೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದ ದಿನ ಮಧ್ಯಾಹ್ನ ನೆರಳಿದ್ದದ್ದು ಆ ಸಜ್ಜಾದ ಕೆಳಗೆ ಮಾತ್ರ. ಅವಳು ಬುತ್ತಿ ಬಿಚ್ಚಿದ್ದಳು. ಬಿದ್ದದ್ದನ್ನು ಎತ್ತುವಾಗ ಕಾಂಕ್ರೀಟು ನಮ್ಮ ಬೆರಳಿನಲ್ಲೇ ಪುಡಿಯಾಯಿತು. ಮಂಡಕ್ಕಿಯ ಹಾಗೆ.

*

ಭಾನುವಾರ ಸಂಜೆ ಆನೆಕೊಂಡದಲ್ಲಿ ಗಿಡ್ಡಪ್ಪ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಹೆಂಡತಿಯ ಬಾಂಡ್ಲಿ. ಅಂಚಿಗೆ ಕೆಂಪು ಸೀರೆಯ ಚೂರು ಸುತ್ತಿದ್ದು ಹಾಗೇ ಇತ್ತು, ಕೈ ಕೊಯ್ಯದಿರಲೆಂದು ಅವಳೇ ಸುತ್ತಿಕೊಂಡದ್ದು.

"ಇಮ್ರಾನಾ, ಒಂದ್ ಕೆಲ್ಸ ಮಾಡಪ. ಒಂದೇ ಒಂದ್ ಸಲ ಅಕಿ ಹಂಗೆ ಕೂಗು."

"ಬ್ಯಾಡ ಗಿಡ್ಡಪ್ಪಣ್ಣ."

"ಅಕಿ ಫೋಟೋ ಇಲ್ಲ ನನ್ ತಾವ. ಆಧಾರ್ ಕಾರ್ಡಿನಾಗಿರೋದು ಅಕಿ ಅಲ್ಲವೇ ಅಲ್ಲ, ಯಾವಳೋ ಹೆದರಿದಾಕಿ. ನಿನ್ ಗಂಟ್ಲಾಗೆ ಐತಲ್ಲ ಅಕಿ? ಒಂದ್ ಸಲ ಹೊರಗೆ ಬಿಡು."

ನಾನು ಬಾಯಿ ತೆರೆದೆ. 'ಲಾ' ಬಂತು. ಅದು ನನ್ನದೇ. ಮತ್ತೆ ಪ್ರಯತ್ನಿಸಿದೆ, ಮುರುಗೇಶಪ್ಪ ಬಂದ. ಇನ್ನೊಮ್ಮೆ, ಸಾಹೇಬರ ಮೂಗು ಬಂತು. ಕರೆಯದವರೆಲ್ಲ ಬಂದರು. ಅವಳು ಮಾತ್ರ ಬರಲಿಲ್ಲ. ಗಂಟಲಲ್ಲಿ ಅವಳಿದ್ದ ಜಾಗ ಕೈಗೆ ಸಿಗುತ್ತಿತ್ತು, ಹಲ್ಲು ಕಿತ್ತ ಜಾಗ ನಾಲಿಗೆಗೆ ಸಿಗುವ ಹಾಗೆ.

ಗಿಡ್ಡಪ್ಪ ಬಾಂಡ್ಲಿಯನ್ನು ಮತ್ತೆ ಬಗಲಿಗೆ ಸಿಕ್ಕಿಸಿಕೊಂಡ. ಎದ್ದು ಹೋಗುವಾಗ, "ಸಿಟ್ ಮಾಡ್ಕಂಡಾಳೆ ಬಿಡು," ಎಂದ. "ನಾಳೆ ಸಿದ್ದೀಕಮ್ಮ ಬೆಟ್ಟು ಒತ್ತಿಬಿಟ್ರೆ, ತಪ್ಪೆಲ್ಲ ಅಕೀದೇ ಆಗ್ತತಲ್ಲ. ಸತ್ತಾಕಿ ಎಲ್ಲಿಗೆ ಹೋಗಿ ಅಲ್ಲ ಅಂದಾಳು?"

*

ವಿದ್ಯಾನಗರದ ಸೈಟಿನಲ್ಲಿ ಏಳುತ್ತಿರುವುದು ಹೆಣ್ಣುಮಕ್ಕಳ ಹಾಸ್ಟೆಲ್ಲು. ಕೆಳಗಿನ ಎರಡು ಅಂತಸ್ತಿಗೆ ಆಗಲೇ ಹುಡುಗಿಯರು ಬಂದು ಸೇರಿದ್ದರು. ಕಿಟಕಿಗಳಲ್ಲಿ ಬಟ್ಟೆ ಒಣಗುತ್ತಿತ್ತು, ಯಾರೋ ಪಾಠ ಉರು ಹೊಡೆಯುತ್ತಿದ್ದರು. ಅವರ ತಲೆಯ ಮೇಲೆ ಮೂರನೆಯದು ಬರಬೇಕು.

ಮಿಲ್ಲರಿಗೆ ಅರಿಶಿನ, ಕುಂಕುಮ, ನಿಂಬೆಹಣ್ಣು ಆದವು. ಪುರೋಹಿತರು ಹಾಸ್ಟೆಲ್ಲಿನ ಮಾಲೀಕನಿಗೆ ಅಂಗೈಯಲ್ಲಿ ತೀರ್ಥ ಕೊಟ್ಟು, ನಮ್ಮ ಕಡೆಗೆ ದೂರದಿಂದ ಚಿಮುಕಿಸಿದರು. ಗಿಡ್ಡಪ್ಪ ಮೊದಲ ಬಾಂಡ್ಲಿ ಎತ್ತಲು ಬಂದಾಗ ಕೈ ಅಡ್ಡ ಹಿಡಿದರು.

"ನೀನು ಬ್ಯಾಡಪ್ಪ. ಮನೆಯೊಳಗೆ ಸಾವಾದವ. ಆ ಮೂಲೆಗೆ ಹೋಗು."

ಗಿಡ್ಡಪ್ಪ ಮರಳಿನ ರಾಶಿಯ ಹಿಂದಕ್ಕೆ ಹೋಗಿ ಹೆಂಡತಿಯ ಬಾಂಡ್ಲಿಯನ್ನು ಎದೆಗೊತ್ತಿಕೊಂಡು ಕುಕ್ಕರಗಾಲಲ್ಲಿ ಕೂತ. ಶಾಮಿಯಾನದ ಕೆಳಗೆ ಸಾಹೇಬರಿಗೆ ಕೇಸರಿಬಾತಿನ ತಟ್ಟೆ ಬಂತು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಶಾಯಿಯ ಡಬ್ಬಿಯೂ ಇತ್ತು.

"ಹ್ಞಾಂ... ಇವತ್ತು ಕೂಗು ಇಲ್ಲ," ಎಂದ ಮುರುಗೇಶಪ್ಪ. "ದೊಡ್ಡ ಮಂದಿ ಬಂದಾರೆ. ಬಾಯಿ ಮುಚ್ಕಂಡು ಮರಳು ಎಂಟೆಂಟು ಸುರೀರಿ. ಆತೇನು?"

ಈ ಸಲ ಎಂಟೂ ಮೂಕ.

ಸಿಮೆಂಟಿನ ದೂಳಿಗೆ ನಾನು ಬಾಯಿಗೆ ಟವೆಲ್ ಬಿಗಿದಿದ್ದೆ. ಇಂಜಿನ್ ಹೊಡೆದೆ. ಚೀಲ ಹರಿಯಿತು. ಜಲ್ಲಿ ಹೋಯಿತು. ಸಿದ್ದೀಕಾ ಖಾಲಾ ಮರಳಿನ ಮೊದಲ ಬಾಂಡ್ಲಿಯನ್ನು ಡ್ರಮ್ಮಿನ ಬಾಯಿಗೆ ತಂದಳು.

"ಲಾ...ಭಾ!"

'ಲಾ' ಉದ್ದ, 'ಭ' ಗಕ್ಕನೆ. ಖಾಲಾಳ ಕೈಯಿಂದ ಬಾಂಡ್ಲಿ ತಾನೇ ಬೋರಲಾಯಿತು. ಎಲ್ಲರೂ ನನ್ನನ್ನು ನೋಡಿದರು. ಮುರುಗೇಶಪ್ಪ ಓಡಿಬಂದ.

"ಮಿಮಿಕ್ರಿ ಮಾಡ್ತೀಯೇನಲೇ, ಸೂಳೆಮಗನೇ?"

ನಾನು ಟವೆಲ್ ಬಿಚ್ಚಿ, ಬಾಯಿ ಅಗಲಿಸಿ, ನಾಲಿಗೆ ಹೊರಗಿಟ್ಟು ತೋರಿಸಿದೆ. ನಾಲಿಗೆ ಹಾಗೆ ಹೊರಗಿದ್ದಾಗಲೇ ಮುಂದಿನ ಬಾಂಡ್ಲಿ ಬಂತು.

"ಎಲ್ಡೂ!"

"ಆಕ್ಚುಲಿ ಸರ್, ಡ್ರಮ್ಮಿನಾಗೆ ಜಲ್ಲಿ ಉರುಳ್ತಾವಲ್ಲ," ಎಂದ ಅಂಜನ್ ಕುಮಾರ್. ಅವನ ತುಟಿ ಬಿಳುಚಿತ್ತು. "ರೆಸೊನೆನ್ಸ್ ಅಂತಾರೆ ಸರ್ ಅದಕ್ಕೆ."

ರೆಸೊನೆನ್ಸು ಮೂರು ಅಂದಿತು, ನಾಕು ಅಂದಿತು, ಐದು ಅಂದಿತು. ಐದಕ್ಕೆ ಹೆಂಗಸರ ಸಾಲು ನಿಂತಿತು. ಮುಂದಿನ ಬಾಂಡ್ಲಿ ಹೊತ್ತು ಮತ್ತೆ ಖಾಲಾಳೇ ಮುಂದೆ ಬಂದಿದ್ದಳು. ಆರನೆಯದು.

"ಸುರಿಯೇ! ನಿಂತ್ಯಲ್ಲ ಹಲ್ಕಟ್ ಮುಂಡೇ, ಸುರಿ!"

ಖಾಲಾ ಡ್ರಮ್ಮಿನ ಕತ್ತಲೆ ಬಾಯಿಗೆ ಕಿವಿಗೊಟ್ಟಳು; ಆರರ ಕೂಗು ಬರಲಿಲ್ಲ. ಆಮೇಲೆ ಬಾಂಡ್ಲಿ ಹೊತ್ತುಕೊಂಡೇ ತಿರುಗಿ, ಶಾಮಿಯಾನದ ಕಡೆಗೆ ನಡೆದಳು. ಕೇಸರಿಬಾತಿನ ತಟ್ಟೆಯ ಪಕ್ಕ, ಬಿಳಿ ಬಟ್ಟೆಯ ಮೇಲೆ, ಶಾಯಿಯ ಡಬ್ಬಿ ಮುಚ್ಚಿಹೋಗುವಂತೆ ಮರಳನ್ನು ಸುರಿದಳು.

"ಏನಮ್ಮಾ ಇದು!" ಸಾಹೇಬರು ಚಮಚ ಹಿಡಿದೇ ಎದ್ದರು.

"ಇದು ಆರನೇದ್ರಿ ಸಾಹೇಬ್ರೆ. ಕಾಟಮ್ಮ ಕೂಗಿದ್ದು ಐದೇ. ಇದನ್ನ ಕೂಗಬ್ಯಾಡ ಅಂದಾವ್ರು ಯಾರು, ಧಣಿನ್ನ ಕೇಳ್ರಿ."

"ಸುಳ್ಳು! ತಲಿ ಕೆಟ್ಟೈತಿ ಸರ್ ಇವಳಿಗೆ!"

ಸಾಲಿನಲ್ಲಿದ್ದ ಇನ್ನೊಬ್ಬಳು ಬಂದು ಏಳನೆಯದನ್ನು ಸುರಿದಳು. ತಟ್ಟೆ ಕಾಣದಾಯಿತು. ಎಂಟನೆಯದನ್ನು ತಂದವನು ಗಿಡ್ಡಪ್ಪ. ಅಂಚಿಗೆ ಕೆಂಪು ಬಟ್ಟೆ ಸುತ್ತಿದ ಬಾಂಡ್ಲಿ. ಸುರಿದು, ಖಾಲಿ ಬಾಂಡ್ಲಿಯನ್ನು ಸಾಹೇಬರ ಕೈಗೇ ಕೊಟ್ಟ. ಅವರು ಏನೂ ತೋಚದೆ ಹಿಡಿದುಕೊಂಡರು. ಗಿಡ್ಡಪ್ಪ ಶಾಮಿಯಾನದ ನೆರಳಲ್ಲೇ, ಸಾಹೇಬರ ಕುರ್ಚಿಯಲ್ಲಿ ಕೂತ.

"ಈಗ ನೀವು ಎಣಿಸ್ರಿ. ನಿಮ್ಮಂಗೇ ಎಣಿಸ್ರಿ. ಒಂದರಿಂದ."

ನಾನು ಇಂಜಿನ್ ಆಫ್ ಮಾಡಿದೆ. ಡ್ರಮ್ಮು ಅರ್ಧ ಸುತ್ತು ತೂಗಿ ನಿಂತಿತು.

"ಏಯ್ ಇಮ್ರಾನ್ಯಾ, ತಿರುಗಿಸೋ! ಮಾಲು ಗಟ್ಟಿ ಆಗ್ತತಿ ಒಳಗೆ! ನನ್ ಮಷೀನ್ ಹಾಳಾಗ್ತತಲೋ!" ಮುರುಗೇಶಪ್ಪ ತಾನೇ ಇಂಜಿನ್ನಿನ ಹ್ಯಾಂಡಲ್ ಹಿಡಿದ. ಜಗ್ಗಿದ. ಕೈ ಜಾರಿತು. ಇನ್ನೊಮ್ಮೆ ಹಿಡಿಯಲಿಲ್ಲ.

ಮೇಲೆ ಸೆಂಟ್ರಿಂಗ್ ಮೇಲಿದ್ದವರು ಕೆಳಗೆ ಬಗ್ಗಿದ್ದರು. ಮಾಲೀಕ ತೆಂಗಿನಕಾಯಿಯ ಹೋಳು ಹಿಡಿದು ನಿಂತಿದ್ದ. ಹಾಸ್ಟೆಲ್ಲಿನ ಕಿಟಕಿಗಳಲ್ಲಿ ಹುಡುಗಿಯರು ಬಂದು ನಿಂತರು. ಉರು ಹೊಡೆಯುತ್ತಿದ್ದ ದನಿಯೂ ನಿಂತಿತು. ಇಂಜಿನ್ ಇಲ್ಲ. ಉರುಳುವ ಜಲ್ಲಿ ಇಲ್ಲ. ನಾನು ಟವೆಲನ್ನು ಮತ್ತೆ ಬಾಯಿಗೆ ಬಿಗಿದು, ಗಂಟನ್ನು ಎಲ್ಲರಿಗೂ ಕಾಣುವಂತೆ ಮುಂದಕ್ಕೆ ಕಟ್ಟಿಕೊಂಡೆ.

ಸಾಹೇಬರು ಮರಳಿನ ರಾಶಿ ನೋಡಿದರು, ಕೈಯಲ್ಲಿದ್ದ ಬಾಂಡ್ಲಿ ನೋಡಿದರು. ಕೆಮ್ಮಿದರು. ಅವರ ತುಟಿ ಒಂದು ಅನ್ನಲು ದುಂಡಗಾಯಿತು.

ನಿಂತ ಡ್ರಮ್ಮಿನ ಒಳಗಿನಿಂದ, ಗಟ್ಟಿಯಾಗತೊಡಗಿದ್ದ ಮಾಲಿನ ಒಳಗಿನಿಂದ, ಉದ್ದಕ್ಕೆ ಬಂತು:

"ಲಾ..."

ಮುಂದಿನ ಅಕ್ಷರಕ್ಕೆ ನಾವೆಲ್ಲ ಕಾದೆವು.