ಊರಿನ ಬಲಗಾಲು

ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ಎರಡೂ ಹಿಮ್ಮಡಿ ಬಿರಿದು, ಆ ಬಿರುಕಲ್ಲಿ ಬಸ್ ಟಿಕೆಟ್ ಸಿಕ್ಕಿಸಿಡೋ ಹಾಗಾಗ್ಲಿ. ಬೇರೆ ವಿಷಯ ಬಿಡಿ, ಕಾಲಿನ ವಿಷಯದಲ್ಲಿ ನಾನು ಇವತ್ತಿನವರೆಗೂ ಸುಳ್ಳು ಹೇಳಿಲ್ಲ.

ಒಂದು ಚಪ್ಪಲಿ ಕಾರ್ಖಾನೆ. ಹೆಂಗಸರ ಚಪ್ಪಲಿ ಮಾತ್ರ ಮಾಡೋದು. ಊರಿಗೆಲ್ಲ ಅದೊಂದೇ. ಕೆಳಗಡೆ ಪ್ಯಾಕಿಂಗು, ನಡುವಿನ ಮಹಡೀಲಿ ಚರ್ಮ ಕತ್ತರಿಸೋರು, ಹೊಲಿಯೋರು, ಮೇಲ್ಗಡೆ ಒಂದು ಪುಟ್ಟ ಕೋಣೆ. ಆ ಕೋಣೇಲಿ ಮೆತ್ತನೆ ಕುರ್ಚಿ, ಕುರ್ಚಿ ಮುಂದೆ ಹನ್ನೆರಡು ಹೆಜ್ಜೆ ಉದ್ದದ ಜಮಖಾನ, ಕುರ್ಚೀಲಿ ಆರಕ್ಕ.

ಆರಕ್ಕ ಅಂತ ಯಾಕೆ ಅಂದ್ರೆ, ಅವಳದು ಆರನೇ ನಂಬರಿನ ಕಾಲು. ಹೆಚ್ಚುಕಡಿಮೆ ಆರು ಅಲ್ಲ, ಕರಾರುವಾಕ್ಕಾಗಿ ಆರು. ಹೊಸ ಮಾದರಿ ಯಾವುದೇ ಹೊಲಿದ್ರೂ ಮೊದಲು ಅವಳ ಕಾಲಿಗೇ ಬರ್ಬೇಕು. ಅವಳು ಹಾಕ್ಕೊಂಡು ಹನ್ನೆರಡು ಹೆಜ್ಜೆ ಹೋಗಿ, ಹನ್ನೆರಡು ಹೆಜ್ಜೆ ಬಂದು, "ಇಲ್ಲಿ ಕಚ್ಚತ್ತೆ", "ಇಲ್ಲಿ ಸಡಿಲ", "ಇದು ಪರವಾಗಿಲ್ಲ" ಅನ್ನೋಳು. ಅವಳು ಪರವಾಗಿಲ್ಲ ಅಂದ್ರೆ ಮುಗೀತು, ಉಳಿದ ಸೈಜೆಲ್ಲ ಅವಳ ಆರನ್ನೇ ಹಿಗ್ಗಿಸಿ ಕುಗ್ಗಿಸಿ ಮಾಡ್ತಿದ್ರು. ಮಾದರಿ ಹೊಲೀತಿದ್ದದ್ದು ಮಾತ್ರ ಬಲಗಾಲಿಗೆ ಒಂದೇ. ಎರಡೂ ಕಾಲಿಗೆ ಯಾಕೆ ಸುಮ್ನೆ ಚರ್ಮ ದಂಡ ಅಂತ. ಹೀಗೆ ಹತ್ತೊಂಬತ್ತು ವರ್ಷ ಆ ಊರಿನ ಹೆಂಗಸರೆಲ್ಲ ಆರಕ್ಕನ ಬಲಗಾಲಿನ ಮಾತು ನಂಬ್ಕೊಂಡು ನಡೆದ್ರು.

ಅವಳು ಕೆಲಸಕ್ಕೆ ಸೇರಿದ ದಿನ ಅಚ್ಚಿನ ಮೇಸ್ತ್ರಿ, ಅಂದ್ರೆ ಚಪ್ಪಲಿಗೆ ಮರದ ಅಚ್ಚು ಕೆತ್ತೋನು, ಒಂದು ಹಲಗೇಲಿ ಅವಳ ಬಲಪಾದದ ಗುಳಿ ಕೆತ್ತಿಟ್ಟಿದ್ದ. ವರ್ಷಕ್ಕೊಂದು ಸಲ ಮಾಲೀಕಮ್ಮ ಮೇಲೆ ಬರ್ತಿದ್ರು. ಆರಕ್ಕ ಅವರ ಎದುರಿಗೆ ಆ ಗುಳೀಲಿ ಕಾಲಿಡ್ಬೇಕು. ಸರಿಯಾಗಿ ಕೂತ್ರೆ ಇನ್ನೊಂದು ವರ್ಷ ಕುರ್ಚಿ. ಕೂರದಿದ್ರೆ ಕೆಳಗಡೆ ಪ್ಯಾಕಿಂಗಿಗೆ, ಸಿಮೆಂಟ್ ನೆಲದ ಮೇಲೆ ಎಂಟು ಗಂಟೆ ನಿಂತು ರಟ್ಟಿನ ಪೆಟ್ಟಿಗೆ ಮಡಚೋದು. ಅವಳಿಗಿಂತ ಮುಂಚಿನ ಆರನೇ ನಂಬರು ಹಾಗೇ ಕೆಳಗಿಳಿದವಳು. ದಿನಾ ಮೆಟ್ಟಿಲ ಹತ್ರ ಸಿಗ್ತಿದ್ಲು, ಆರಕ್ಕನ ಮುಖ ನೋಡ್ತಿರಲಿಲ್ಲ, ಕಾಲು ನೋಡ್ತಿದ್ಲು.

ಹೀಗಿರೋವಾಗ ಹತ್ತನೇ ವರ್ಷ ಆರಕ್ಕನ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಗಂಟು ಬಂತು. ಮೊದಲು ಬಟಾಣಿ ಕಾಳಷ್ಟು. ಆಮೇಲೆ ಗೋಲಿಯಷ್ಟು. ಬಸ್ಸಲ್ಲಿ ತೂಕಡಿಸೋನು ಪಕ್ಕದವನ ಹೆಗಲ ಮೇಲೆ ವಾಲ್ಕೊಳ್ಳಲ್ವಾ, ಹಾಗೆ ಹೆಬ್ಬೆರಳು ಪಕ್ಕದ ಬೆರಳ ಮೇಲೆ ಒರಗಿಕೊಳ್ತು. ಸಂಜೆ ಹೊತ್ತಿಗೆ ಗಂಟು ಕೆಂಪಗಾಗಿ ಧಗಧಗ ಅನ್ನೋದು.

ಮನೇಲಿ ಅವಳಮ್ಮ ಕನ್ನಡಕ ಹಾಕ್ಕೊಂಡು ನೋಡಿದ್ಲು, ಕನ್ನಡಕ ತೆಗೆದು ನೋಡಿದ್ಲು.

"ಇದು ನಮ್ಮ ಮನೆತನದ್ದೇ ಕಣೇ. ನಮ್ಮಮ್ಮ ನಂಗೆ ಕೊಟ್ಲು, ನಾನು ನಿಂಗೆ ಕೊಟ್ಟೆ. ಬೇರೇನೂ ಕೊಡಕ್ಕಾಗ್ಲಿಲ್ಲ, ಬೇಜಾರು ಮಾಡ್ಕೋಬೇಡ."

"ನಿಂದು ಎಡಗಾಲಲ್ಲಿ ಅಲ್ವಾ ಇರೋದು?"

"ಹೂಂ, ನಿಂಗೆ ಬಲಗಾಲಿಗೆ ಕೊಟ್ಟೆ. ಇಬ್ಬರಿಗೂ ಒಂದೇ ಕಡೆ ಇದ್ರೆ ಜನ ಏನಂದ್ಕೋತಾರೆ."

ಅಮ್ಮ ಎಣ್ಣೆ ಕಾಯಿಸಿ ತಿಕ್ಕಿದ್ಲು. ಕೆಟ್ಟ ಕಣ್ಣು ಬಿದ್ದಿರ್ಬೇಕು ಅಂತ ಕಾಲಿಗೆ ಬೈದ್ಲು. ಹೆಬ್ಬೆರಳಿಗೆ ರಿಬ್ಬನ್ ಕಟ್ಟಿ ಮಂಚದ ಕಾಲಿಗೆ ಬಿಗಿದ್ಲು, ನೆಟ್ಟಗಾಗ್ಲಿ ಅಂತ. ಬೆಳಗ್ಗೆ ನೋಡಿದ್ರೆ ಬೆರಳು ಹಾಗೇ ಇದೆ, ಮಂಚ ಅರ್ಧ ಅಡಿ ಈಚೆಗೆ ಬಂದಿದೆ.

ಆದ್ರೆ ಆರಕ್ಕನಿಗೆ ಒಂದು ಸಮಾಧಾನ ಇತ್ತು. ಪ್ರತಿ ವರ್ಷ ಅಳತೆ ದಿನ ಅವಳು ಹೆದರ್ತಾ ಕಾಲಿಟ್ರೆ, ಕಾಲು ಗುಳೀಲಿ ಬೆಣ್ಣೆ ಥರ ಕೂರೋದು. ಹಲಗೆ ಮರದ್ದು, ಅದಕ್ಯಾಕೆ ಮುಲಾಜು. ಹಾಗಾಗಿ ಕಾಲು ಸರಿಯಾಗೇ ಇದೆ, ಮಾದರಿ ಹೊಲಿಯೋರದ್ದೇ ತಪ್ಪು ಅಂದ್ಕೊಂಡ್ಲು. ಬಂದ ಬಂದ ಚಪ್ಪಲಿಗೆಲ್ಲ "ಹೆಬ್ಬೆರಳ ಹತ್ರ ಕಚ್ಚತ್ತೆ" ಅಂದ್ಲು. ಮೇಸ್ತ್ರಿ ಮರುಮಾತಾಡದೆ ಬಲಗಾಲಿನ ಅಚ್ಚನ್ನ ಅಷ್ಟಷ್ಟೇ ಅಗಲ ಮಾಡ್ತಾ ಹೋದ. ಎಡಗಾಲಿನ ಅಚ್ಚಿನ ತಂಟೆಗೆ ಯಾರೂ ಹೋಗ್ಲಿಲ್ಲ. ಅದು ಹತ್ತೊಂಬತ್ತು ವರ್ಷದ ಹಿಂದಿನದ್ದೇ, ಮುಂದುಗಡೆ ಚೂಪು, ಪೆನ್ಸಿಲ್ ಕೆತ್ತಿದ ಹಾಗೆ.

ಅದರಿಂದ ಊರಿಗೆ ಏನಾಯ್ತು ಅಂತ ಕೇಳಿ. ಚಪ್ಪಲಿ ಬಲಕ್ಕೆ ಹಾಯಾಗಿದೆ, ಎಡಕ್ಕೆ ಕಚ್ಚತ್ತೆ. ಬಲಗಾಲು ಉಲ್ಲಾಸವಾಗಿ ಮುಂದೆ ಹೋಗತ್ತೆ, ಎಡಗಾಲು ಒಲ್ಲದ ಮನಸ್ಸಿಂದ ಹಿಂದೆ ಬರತ್ತೆ. ಬಲಗಡೆ ಹುಟ್ಟು ಮಾತ್ರ ಹಾಕಿದ ದೋಣಿ ಎಡಕ್ಕೆ ತಿರುಗಲ್ವಾ, ಹಾಗೆ ಊರಿನ ಹೆಂಗಸರೆಲ್ಲ ನಿಧಾನಕ್ಕೆ ಎಡಕ್ಕೆ ವಾಲೋಕೆ ಶುರುವಾದ್ರು. ಅಂಚೆ ಕಚೇರಿಗೆ ಹೊರಟೋರು ಬೇಕರಿಗೆ ಹೋಗಿ ಸೇರೋರು. ಬಂದಿದ್ದಾಗಿದೆ ಅಂತ ಬ್ರೆಡ್ ತಗೊಂಡು ಬರೋರು. ಮುಖ್ಯರಸ್ತೆಯ ಎಡಗಡೆ ಬೇಕರಿಯವನು ಎರಡು ಮಹಡಿ ಎತ್ತಿಸ್ದ, ಎದುರಿನ ಬಲಗಡೆ ಕನ್ನಡಕದಂಗಡಿಯವನು ನೊಣ ಹೊಡೀತಾ ಕೂತ. ಹೆಂಡತಿಯ ಎಡಗಡೆ ನಡೆದ ಗಂಡಂದಿರು ವಾರಕ್ಕೊಂದು ಸಲ ಚರಂಡೀಲಿ ಸಿಗ್ತಿದ್ರು. ಬುದ್ಧಿವಂತರು ಬಲಗಡೆ ನಡೆಯೋಕೆ ಕಲಿತ್ರು.

ಅಳತೆ ದಿನಕ್ಕೆ ಇನ್ನು ಎರಡು ತಿಂಗಳಿತ್ತು. ಒಂದು ಬೆಳಗ್ಗೆ ಆರಕ್ಕನಿಗೆ ಹನ್ನೆರಡು ಹೆಜ್ಜೇಲಿ ಏಳನೇದು ಇಡಕ್ಕೇ ಆಗ್ಲಿಲ್ಲ. ಕಾಲಿನ ಡಾಕ್ಟರ ಹತ್ರ ಹೋದ್ಲು. ಅಲ್ಲಿ ಕಾಯೋ ಹೆಂಗಸರೆಲ್ಲ ಎಡಗಡೆ ಬೆಂಚಲ್ಲೇ ಒತ್ತಿಕೊಂಡು ಕೂತಿದ್ರು. ಬಲಗಡೆ ಬೆಂಚಲ್ಲಿ ಇವಳೊಬ್ಬಳೇ.

ಡಾಕ್ಟರು ಕಾಲನ್ನ ತಮ್ಮ ಮಂಡಿ ಮೇಲಿಟ್ಕೊಂಡು ಬೆರಳನ್ನ ಆ ಕಡೆ ಈ ಕಡೆ ಆಡಿಸಿದ್ರು.

"ಇದು ಆಣಿ ಅಲ್ಲ, ಎಲುಬು ಬೆಳೆದಿರೋದೂ ಅಲ್ಲ. ಹೆಬ್ಬೆರಳು ಒಳಗೆ ವಾಲಿದೆ, ಅದರ ಬುಡದ ಗಿಣ್ಣು ಹೊರಗೆ ಬಂದಿದೆ. ಮನೇಲಿ ಯಾರಿಗಾದ್ರೂ ಇದೆಯಾ?"

"ಅಮ್ಮನಿಗಿದೆ. ಅವಳೇ ಕೊಟ್ಟಿದ್ದಂತೆ."

"ಅವರು ಕೊಟ್ಟಿರೋದು ಕಾಲಿನ ಗುಣ. ಮಿಕ್ಕಿದ್ದನ್ನ ಚಪ್ಪಲಿ ಕೊಟ್ಟಿದೆ. ಮುಂದುಗಡೆ ಚೂಪಾಗಿರೋದನ್ನ ಎಷ್ಟು ವರ್ಷದಿಂದ ಹಾಕ್ತಿದೀರಿ?"

"ಹತ್ತೊಂಬತ್ತು. ದಿನಕ್ಕೆ ನಲವತ್ತು ಜೊತೆ. ಜೊತೆ ಅಲ್ಲ, ನಲವತ್ತು ಬಲ."

ಡಾಕ್ಟರು ಚೀಟೀಲಿ 'ನಲವತ್ತು ಬಲ' ಅಂತ ಬರ್ಕೊಂಡ್ರು. ಆಮೇಲೆ ಹೇಳಿದ್ರು, "ನೋಡೀಮ್ಮ, ಎಣ್ಣೆ ತಿಕ್ಕಿದ್ರೆ ಗಿಣ್ಣು ಒಳಗೆ ಹೋಗಲ್ಲ, ಎಣ್ಣೆ ಖರ್ಚಾಗತ್ತೆ ಅಷ್ಟೇ. ಬೆರಳು ಅರಳೋಕೆ ಜಾಗ ಇರೋ ಅಗಲದ ಚಪ್ಪಲಿ ಹಾಕಿ, ಹಿಮ್ಮಡಿ ಎತ್ತರ ಬೇಡ. ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಈ ಮೆತ್ತನೆ ತುಂಡು ಇಟ್ಕೊಳ್ಳಿ. ಸಂಜೆ ಐಸನ್ನ ಬಟ್ಟೇಲಿ ಸುತ್ತಿ ಹತ್ತು ನಿಮಿಷ ಇಡಿ, ಬರಿ ಚರ್ಮಕ್ಕೆ ಇಡ್ಬೇಡಿ. ನೆಲದ ಮೇಲೆ ಟವೆಲ್ ಹಾಸಿ ಕಾಲ್ಬೆರಳಲ್ಲೇ ಅದನ್ನ ಮುದುರಿ ಮುದುರಿ ಹತ್ರ ಎಳೀರಿ. ಊತ ಇಳಿಯತ್ತೆ, ನೋವು ಕಮ್ಮಿ ಆಗತ್ತೆ. ಬೆರಳು ಮಾತ್ರ ಮೊದಲಿನ ಹಾಗೆ ನೆಟ್ಟಗಾಗಲ್ಲ. ಇಷ್ಟೆಲ್ಲ ಮಾಡಿದ ಮೇಲೂ ನಡೆಯಕ್ಕಾಗ್ದಿದ್ರೆ ಆಪರೇಷನ್ ಮಾತಾಡೋಣ. ಅಂದ ಕಾಣ್ಲಿ ಅಂತ ಮಾಡಲ್ಲ."

"ಆದ್ರೆ ಡಾಕ್ಟ್ರೇ, ನನ್ನ ಕಾಲಿಗೇನೂ ಆಗಿರಕ್ಕೆ ಸಾಧ್ಯ ಇಲ್ಲ. ವರ್ಷಾ ವರ್ಷಾ ಹಲಗೇಲಿ ಸರಿಯಾಗಿ ಕೂರತ್ತೆ."

"ಹಾಗಾದ್ರೆ ಹಲಗೆಗೂ ಇದೇ ಕಾಯಿಲೆ ಇರ್ಬೇಕು," ಅಂದು ಡಾಕ್ಟರು ಮುಂದಿನವರನ್ನ ಕರೆದ್ರು.

ಡಾಕ್ಟರು ತಮಾಷೆಗೆ ಅಂದಿದ್ದು. ಆರಕ್ಕನಿಗೆ ಮಾತ್ರ ಆ ಮಾತು ಚಪ್ಪಲಿಯೊಳಗೆ ಸೇರಿದ ಕಲ್ಲಿನ ಥರ ಆಯ್ತು. ಸೀದಾ ಮೇಸ್ತ್ರಿ ಹತ್ರ ಹೋಗಿ ನಿಂತ್ಲು.

"ಅಣ್ಣ, ಹಲಗೆಗೂ ಗಿಣ್ಣು ಬರತ್ತಾ?"

ಮೇಸ್ತ್ರಿ ಉಪ್ಪುಕಾಗದ ಕೆಳಗಿಟ್ಟ. ತುಂಬಾ ಹೊತ್ತು ಅಚ್ಚಿನ ಮೇಲಿನ ಧೂಳು ಊದಿದ. ಅದರ ಮೇಲೆ ಧೂಳಿರಲಿಲ್ಲ.

"ಒಂಬತ್ತು ವರ್ಷದಿಂದ," ಅಂದ. "ಅಳತೆಗೆ ಎರಡು ದಿನ ಮುಂಚೆ ಗುಳಿ ಅಂಚನ್ನ ಸ್ವಲ್ಪ ಉಜ್ಜಿಡ್ತೀನಿ. ಕೂದಲೆಳೆಯಷ್ಟು. ನೀನು ಕುಂಟಿಕೊಂಡು ಮೆಟ್ಟಿಲು ಹತ್ತೋದು ನೋಡಿದ್ದೆ ಕಣಮ್ಮ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನಿನಗಿಂತ ಮುಂಚೆ ಆ ಕುರ್ಚೀಲಿದ್ದೋಳು ನನ್ನ ತಂಗಿ. ಅವಳ ಹಲಗೆ ಕೆತ್ತಿದ್ದೂ ನಾನೇ. ಆಗ ನಾನು ಬಲು ಪ್ರಾಮಾಣಿಕ, ಉಜ್ಜಲಿಲ್ಲ. ಈಗ ಕೆಳಗಡೆ ನಿಂತೂ ನಿಂತೂ ಅವಳಿಗೆ ಹಿಮ್ಮಡಿ ನೋವು. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಡೋವಾಗೆಲ್ಲ ನನ್ನ ಹೆಸರು ಹಿಡಿದು ಬೈತಾಳಂತೆ. ದಿನಕ್ಕೊಂದೇ ಸಲ, ಆದ್ರೆ ತಪ್ಪಿಸಲ್ಲ."

ಆರಕ್ಕನಿಗೆ ಬೈಬೇಕೋ ಕೈ ಮುಗೀಬೇಕೋ ಗೊತ್ತಾಗ್ಲಿಲ್ಲ. ಎರಡೂ ಮಾಡದೆ ಮನೆಗೆ ಹೋಗಿ ಟವೆಲ್ ಹಾಸಿದ್ಲು.

ಎರಡು ತಿಂಗಳು ಬಿಡದೆ ಎಳೆದ್ಲು. ಮೊದಲ ವಾರ ಟವೆಲ್ ಅಲ್ಲಾಡ್ಲಿಲ್ಲ. ಮೂರನೇ ವಾರ ಟವೆಲ್ ಬಂತು. ಐದನೇ ವಾರ ಟವೆಲ್ ಜೊತೆ ಅದರ ಮೇಲೆ ಕೂತಿದ್ದ ಬೆಕ್ಕೂ ಬಂತು. ಅಮ್ಮ ಸೋಫಾ ಮೇಲೆ ಕೂತು, "ಹಾಗೇ ಆ ಪೇಪರೂ ಎಳ್ಕೊಡು" ಅನ್ನೋಳು. ಬೆರಳ ಸಂದೀಲಿ ಮೆತ್ತನೆ ತುಂಡು, ಸಂಜೆ ಐಸು, ಮನೇಲಿ ಅಗಲದ ಚಪ್ಪಲಿ. ಧಗಧಗ ನಿಲ್ತು. ಕೆಂಪು ಹೋಯ್ತು. ಗಿಣ್ಣು ಹೊರಗೇ ಇತ್ತು, ಆದ್ರೆ ಅದರ ಸುತ್ತಿನ ಊತ ಪೂರ್ತಿ ಇಳೀತು.

ಅಲ್ಲೇ ಎಡವಟ್ಟಾಗಿದ್ದು. ಅಳತೆ ದಿನ ಮಾಲೀಕಮ್ಮ ಮೇಲೆ ಬಂದ್ರು. ಬಾಗಿಲಿಂದ ಕುರ್ಚಿಗೆ ಅಂತ ಹೊರಟೋರು ಎಡಗಡೆ ಕಿಟಕಿ ಹತ್ರ ಹೋಗಿ ನಿಂತು, ಏನೋ ನೋಡೋಕೆ ಬಂದವರ ಹಾಗೆ ಹೊರಗೆ ನೋಡಿ, ಆಮೇಲೆ ಈಚೆಗೆ ಬಂದ್ರು. ಆರಕ್ಕ ಹಲಗೇಲಿ ಕಾಲಿಟ್ಲು. ಕಾಲು ಗುಳೀಲಿ ಲೊಡಲೊಡ ಅಂತು. ಹಲಗೆಗೆ ಗಿಣ್ಣಿದೆ, ಊತಾನೂ ಇದೆ. ಕಾಲಿಗೆ ಊತ ಇಲ್ಲ.

"ಸಡಿಲ ಇದೆಯಲ್ಲ," ಅಂದ್ರು ಮಾಲೀಕಮ್ಮ.

ಮೇಸ್ತ್ರಿ ಗೋಡೆ ನೋಡ್ದ. ಒಂಬತ್ತು ವರ್ಷ ಕಾಯಿಲೆ ಉಳಿಸಿದ ಕೆಲಸಾನ ಎರಡು ತಿಂಗಳ ಔಷಧಿ ಕಳೆಯೋ ಹಾಗಾಯ್ತು.

"ಕಾಲು ಇಳಿದುಹೋಗಿದೆ. ಇನ್ನೇನ್ಮಾಡೋದು, ನಾಳೆಯಿಂದ ಕೆಳಗೆ ಹೋಗು. ಆರನೇ ನಂಬರಿನೋರನ್ನೆಲ್ಲ ಮೇಲೆ ಕಳಿಸಿ, ಹೊಸಬಳನ್ನ ಹುಡುಕೋಣ."

ನಲವತ್ತಮೂರು ಹೆಂಗಸರು ಸಾಲಾಗಿ ಬಂದ್ರು. ಸಾಲು ನೆಟ್ಟಗಿರಲಿಲ್ಲ ಅಂತ ಬೇರೆ ಹೇಳ್ಬೇಕಾಗಿಲ್ಲ. ಮೊದಲನೆಯವಳು ಬಲಗಾಲಿಟ್ಲು, ಬೆಣ್ಣೆ ಥರ ಕೂತ್ಕೊಳ್ತು. ಎರಡನೆಯವಳದ್ದೂ ಕೂತ್ಕೊಳ್ತು. ಹತ್ತನೆಯವಳದ್ದೂ. ನಲವತ್ತಮೂರು ಕಾಲೂ ಆ ಹಲಗೆಗೇ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತ್ವು. ಮಾಲೀಕಮ್ಮ ತಲೆ ಕೆರ್ಕೊಂಡು, ಕೊನೆಗೆ ತಮ್ಮ ಕಾಲನ್ನೇ ಇಟ್ಟು ನೋಡಿದ್ರು. ಅದೂ ಕೂತ್ಕೊಳ್ತು.

ಕುರ್ಚೀಲಿ ಕೊನೇ ಸಲ ಅಂತ ಕೂತಿದ್ದ ಆರಕ್ಕ ಇನ್ನೊಂದು ನೋಡ್ತಿದ್ಲು. ಕೇಳಿದ್ದು ಬಲಗಾಲು. ಆದ್ರೆ ಬಂದೋಳು ಬಂದೋಳು ಮೊದಲು ಬಿಚ್ಚಿ ಬಿಸಾಕ್ತಿದ್ದದ್ದು ಎಡ ಚಪ್ಪಲಿ. ಬಿಚ್ಚಿ ಒಂದು ಉಸಿರು ಬಿಡೋರು, ಇಡೀ ದಿನದ ಉಸಿರು. ಮಾಲೀಕಮ್ಮನೂ ಹಾಗೇ ಮಾಡಿದ್ರು.

"ಅಮ್ಮಾವ್ರೇ," ಅಂದ್ಲು, "ಎಡಗಾಲಿನದ್ದು ಯಾಕೆ ಬಿಚ್ಚಿದ್ರಿ?"

"ಕಚ್ಚತ್ತೆ ಕಣೇ."

"ಎಷ್ಟು ವರ್ಷದಿಂದ?"

ಮಾಲೀಕಮ್ಮ ಬಗ್ಗಿ ತಮ್ಮ ಎರಡೂ ಕಾಲು ನೋಡ್ಕೊಂಡ್ರು. ಎರಡರಲ್ಲೂ ಗಿಣ್ಣು. ನಲವತ್ತಮೂರು ಜನಾನೂ ನೋಡ್ಕೊಂಡ್ರು. ಕೋಣೆ ತುಂಬ ಗಿಣ್ಣು.

ಆರಕ್ಕ ಎಲ್ಲಾ ಹೇಳಿಬಿಟ್ಲು. ಹೇಗಿದ್ರೂ ಕುರ್ಚಿ ಹೋಗಿತ್ತು, ಇನ್ಯಾರ ಹೆದರಿಕೆ. ತನ್ನ ಗಿಣ್ಣು, ಡಾಕ್ಟರ ಮಾತು, ಚೂಪು ಚಪ್ಪಲಿ ಇಡೀ ಊರಿಗೆ ಮಾಡಿದ್ದು, ಬಲದ ಅಚ್ಚು ಮಾತ್ರ ಅಗಲ ಆಗಿ ಎಡದ್ದು ಹಾಗೇ ಉಳಿದಿದ್ದು. ಹಲಗೆ ವಿಷಯ ಬಂದಾಗ ಮಾತ್ರ ತಡವರಿಸಿದ್ಲು. ಆಗ ಮೇಸ್ತ್ರಿ ತಾನೇ ಮುಂದೆ ಬಂದು, "ಉಜ್ಜಿದ್ದು ನಾನು," ಅಂದ.

ಮಾಲೀಕಮ್ಮ ಎಡ ಚಪ್ಪಲಿ ಕೈಯಲ್ಲಿ ಹಿಡ್ಕೊಂಡೇ ಯೋಚನೆ ಮಾಡಿದ್ರು.

"ಮೇಸ್ತ್ರಿ, ನಿಮ್ಮ ಮೇಲೆ ಸಿಟ್ಟು ಮಾಡ್ಕೋಬೇಕು, ನೆನಪಿಸಿ. ಈಗ ಎರಡೂ ಕಾಲಿಗೆ ಮುಂದುಗಡೆ ಅಗಲ ಇರೋ ಹೊಸ ಅಚ್ಚು ಕೆತ್ತಿ. ಕೆಳಗಡೆ ನಿಮ್ಮ ತಂಗಿಗೂ ಉಳಿದೋರಿಗೂ ನಿಲ್ಲೋಕೆ ದಪ್ಪ ರಬ್ಬರ್ ಚಾಪೆ ಹಾಕ್ಸಿ, ಕೂರೋಕೆ ಸ್ಟೂಲ್ ಕೊಡಿ. ಇವಳು ಕುರ್ಚೀಲೇ ಇರ್ಲಿ. ಇಷ್ಟು ಜನದಲ್ಲಿ ಕಾಲಿನ ನೋವು ಇಳಿಸ್ಕೊಂಡಿರೋದು ಇವಳೊಬ್ಬಳೇ. ಆದ್ರೆ ಎಡದ ಮಾದರಿ ಯಾರ ಕಾಲಿಗೆ ಹಾಕಿ ನೋಡೋದು? ಆರಕ್ಕ, ನಿನ್ನ ಎಡಗಾಲಿಗೆ ಗಿಣ್ಣಿಲ್ಲ. ಈ ಹೆಂಗಸರನ್ನ ಕೆಲಸದಿಂದ ಎಬ್ಬಿಸಿದ್ರೆ ಹೊಲಿಯೋರು ಯಾರು?"

"ನಮ್ಮನೇಲೊಂದಿದೆ," ಅಂದ್ಲು ಆರಕ್ಕ. "ಆರನೇ ನಂಬರು. ಹಳೇ ಗಿಣ್ಣು. ಬಾಯಿ ಮಾತ್ರ ಸ್ವಲ್ಪ ಜೋರು."

ಮಾರನೇ ದಿನದಿಂದ ಮೇಲಿನ ಕೋಣೇಲಿ ಎರಡು ಕುರ್ಚಿ. ಬಲಕ್ಕೆ ಮಗಳು, ಎಡಕ್ಕೆ ಅಮ್ಮ. ಚಹಾ ಹೊತ್ತಲ್ಲಿ ನಡುವಿನ ಮಹಡೀಲಿ ನಲವತ್ತಮೂರು ಟವೆಲ್ ಹಾಸಿರ್ತಿದ್ವು. ಮೊದಲ ಮಾದರಿ ಬಂದಾಗ ಅಮ್ಮ ದೂರದಿಂದಲೇ, "ಕಚ್ಚತ್ತೆ," ಅಂದ್ಲು.

"ಅಮ್ಮ, ನೀನಿನ್ನೂ ಹಾಕೇ ಇಲ್ಲ."

"ನೋಡಿದ್ರೆ ಗೊತ್ತಾಗಲ್ವೇನೇ. ಕಚ್ಚೋ ಮುಖಾನೇ ಅದರದ್ದು."

ನಾಲ್ಕು ಸಲ ವಾಪಸ್ಸು ಕಳಿಸಿದ್ಲು. ಐದನೇದನ್ನ ಹಾಕ್ಕೊಂಡು ಹನ್ನೆರಡು ಹೆಜ್ಜೆ ಹೋಗಿ ಬಂದು, ಏನೂ ಹೇಳದೆ, ಅದನ್ನ ಹಾಕ್ಕೊಂಡೇ ಮನೆಗೆ ಹೋದ್ಲು. ಅದೇ ಒಪ್ಪಿಗೆ ಅಂತ ತಿಳ್ಕೊಂಡು ಊರಿಗೆಲ್ಲ ಹೊಲಿದ್ರು.

ಇನ್ನು ಊರಿನ ಕತೆ ಕೇಳಿ. ಹೊಸ ಚಪ್ಪಲಿ ಬಂದ ದಿನ ಹೆಂಗಸರೆಲ್ಲ ಒಟ್ಟಿಗೆ ನೆಟ್ಟಗೆ ನಡೆದ್ರಲ್ಲ, ಅಷ್ಟು ವರ್ಷ ಅವರು ವಾಲಿದ ಭಾರಕ್ಕೆ ಎಡಕ್ಕೆ ಬಾಗಿದ್ದ ಮುಖ್ಯರಸ್ತೆಯ ಗಡಿಯಾರದ ಗೋಪುರ ಇದ್ದಕ್ಕಿದ್ದ ಹಾಗೆ ನಿಗುರಿಕೊಂಡು, ಅದರ ದೊಡ್ಡ ಮುಳ್ಳು ಕಿತ್ತು ಹಾರಿ, ಬೇಕರಿಯವನ ಎರಡನೇ ಮಹಡಿ ಕಿಟಕೀಲಿ...

ಏನಕ್ಕಾ, ಎದ್ದೇಬಿಟ್ರಾ? ಇನ್ನೂ ಮುಳ್ಳು ಗಾಳೀಲಿದೆ. ಹೋಗಿ, ಬೇಡ ಅನ್ನಲ್ಲ, ಆದ್ರೆ ಎಡಕ್ಕೆ ಎಲ್ಲಿಗೆ, ಅದು ಗೋಡೆ, ಬಾಗಿಲಿರೋದು ನಿಮ್ಮ ಬಲಗಡೆ!